ಪಿಚರ್ ಬ್ಯಾಟ್ ಹಿಡಿಯಬೇಕೇ, ಡಿ.ಎಚ್. ಬರಬೇಕೇ? ತಂಡದ ಪಟ್ಟಿ ಬರೆಯುವ ಮುನ್ನ ನಿರ್ಧರಿಸುವ ಬಗೆ

ಬೇಸ್‌ಬಾಲ್ ತಂಡದಿಂದ ಒಂಬತ್ತು ಮಂದಿ ಮೈದಾನಕ್ಕಿಳಿಯುತ್ತಾರೆ. ಆಟದ ಮೂಲ ನಿಯಮದಂತೆ ಅದೇ ಒಂಬತ್ತು ಮಂದಿ ಒಬ್ಬರಾದ ಮೇಲೊಬ್ಬರು ಬ್ಯಾಟ್ ಮಾಡಬೇಕು. ಚೆಂಡೆಸೆಯುವ ಪಿಚರ್‌ನನ್ನು ಬ್ಯಾಟಿಂಗ್‌ನಿಂದ ಬಿಡಿಸಿ, ಅವನ ಪರವಾಗಿ ಬ್ಯಾಟಿಂಗ್ ಮಾತ್ರ ಮಾಡುವ ಹತ್ತನೆಯ ಆಟಗಾರನನ್ನು ಸೇರಿಸಿಕೊಳ್ಳಲು ಅವಕಾಶ ಕೊಡುವುದೇ ಡೆಸಿಗ್ನೇಟೆಡ್ ಹಿಟ್ಟರ್ ನಿಯಮ, ರೂಢಿಯಲ್ಲಿ ಡಿ.ಎಚ್. ರಾಷ್ಟ್ರೀಯ ಶಾಲಾ ಕ್ರೀಡಾಕೂಟಗಳಲ್ಲಿ ಬೇಸ್‌ಬಾಲ್ ಮತ್ತು ಸಾಫ್ಟ್‌ಬಾಲ್ ಎರಡೂ ಇರುವುದರಿಂದ, ಮಂಜೇಶ್ವರ, ಕುಂಬಳೆ, ಬದಿಯಡ್ಕ, ಕಾಸರಗೋಡಿನ ಕಡೆ ತಂಡ ಕಟ್ಟಲು ಹೊರಡುವ ದೈಹಿಕ ಶಿಕ್ಷಣ ಶಿಕ್ಷಕರೂ ಕ್ಲಬ್‌ನ ಯುವಕರೂ ಒಂದಲ್ಲ ಒಂದು ದಿನ ಈ ಆಯ್ಕೆಯನ್ನು ಎದುರಿಸಲೇಬೇಕು. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ವೃತ್ತಿಪರ ಲೀಗ್‌ಗಳಿಗೆ ಡಿ.ಎಚ್. ಸರಿಯಾದ ನಿಯಮ. ಆದರೆ ಆಟವನ್ನು ಇನ್ನೂ ಕಲಿಯುತ್ತಿರುವ ಮಕ್ಕಳ ತಂಡದಲ್ಲಿ ಪಿಚರ್‌ನ ಕೈಯಿಂದ ಬ್ಯಾಟ್ ತೆಗೆದುಕೊಳ್ಳಬೇಕಾದರೆ ಅದಕ್ಕೆ ಬಲವಾದ ಕಾರಣವಿರಬೇಕು.

ನಿರ್ಧಾರಕ್ಕೆ ಮೊದಲು ಈ ನಿಯಮ ಏಕೆ ಬಂತೆಂಬುದನ್ನು ತಿಳಿದಿರಬೇಕು. ಪಿಚರ್‌ನ ಬದಲಿಗೆ ಬೇರೊಬ್ಬ ಬ್ಯಾಟ್ ಮಾಡಲಿ ಎಂಬ ಸಲಹೆಯನ್ನು ಫಿಲಡೆಲ್ಫಿಯಾ ತಂಡದ ಮ್ಯಾನೇಜರ್ ಕಾನೀ ಮ್ಯಾಕ್ 1906ರಷ್ಟು ಹಿಂದೆಯೇ ಕೊಟ್ಟಿದ್ದರು. ಆಗ ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. 1968ರ ಹೊತ್ತಿಗೆ ಅಮೆರಿಕದ ಮೇಜರ್ ಲೀಗ್‌ಗಳಲ್ಲಿ (ಅಮೆರಿಕನ್ ಲೀಗ್, ನ್ಯಾಷನಲ್ ಲೀಗ್ ಎಂಬ ಎರಡರಲ್ಲೂ) ಪಿಚರ್‌ಗಳ ಕೈ ಎಷ್ಟು ಮೇಲಾಗಿತ್ತೆಂದರೆ, ಆ ವರ್ಷ ಸೇಂಟ್ ಲೂಯಿಸ್‌ನ ಬಾಬ್ ಗಿಬ್ಸನ್ ಫೀಲ್ಡರ್‌ಗಳ ತಪ್ಪಿನಿಂದ ಬಂದ ರನ್ ಬಿಟ್ಟರೆ, ಒಂಬತ್ತು ಇನ್ನಿಂಗ್ಸಿಗೆ ಸರಾಸರಿ 1.12 ರನ್ ಮಾತ್ರ ಬಿಟ್ಟುಕೊಟ್ಟರು. ಅಮೆರಿಕನ್ ಲೀಗಿನ ಬ್ಯಾಟಿಂಗ್ ಪ್ರಶಸ್ತಿ .301 ಸರಾಸರಿಗೇ, ಅಂದರೆ ನೂರು ಸರದಿಗೆ ಸುಮಾರು ಮೂವತ್ತು ಹಿಟ್‌ಗೇ (ಚೆಂಡು ಹೊಡೆದು ಬೇಸ್ ಎಂಬ ಓಟದ ತಾಣ ಸೇರಿದ್ದಕ್ಕೇ) ದಕ್ಕಿತು. ಮರುವರ್ಷ ಪಿಚರ್ ನಿಲ್ಲುವ ದಿಬ್ಬದ ಎತ್ತರವನ್ನು 15 ಇಂಚಿನಿಂದ 10 ಇಂಚಿಗೆ ಇಳಿಸಿದರು. ಅದೂ ಸಾಲದೆಂದು ಅಮೆರಿಕನ್ ಲೀಗ್ 1973ರಲ್ಲಿ ಡಿ.ಎಚ್. ನಿಯಮವನ್ನು ತಂದಿತು. ಆ ವರ್ಷದ ಏಪ್ರಿಲ್ 6ರಂದು ಬಾಸ್ಟನ್‌ನಲ್ಲಿ ನ್ಯೂಯಾರ್ಕ್ ಯಾಂಕೀಸ್‌ನ ರಾನ್ ಬ್ಲೂಮ್‌ಬರ್ಗ್ ಮೊದಲ ಡಿ.ಎಚ್. ಆಗಿ ಕ್ರೀಸಿಗೆ ಬಂದು, ಮೂರೂ ಬೇಸ್‌ಗಳಲ್ಲಿ ತನ್ನ ತಂಡದವರು ನಿಂತಿದ್ದಾಗ ನಾಲ್ಕು ಬಾಲ್ (ಹೊಡೆಯುವ ವ್ಯಾಪ್ತಿಯ ಹೊರಗೆ ಹೋದ ಎಸೆತ) ಪಡೆದು ನಡೆದೇ ಒಂದು ರನ್ ತಂದುಕೊಟ್ಟರು. ಜಪಾನಿನ ಪೆಸಿಫಿಕ್ ಲೀಗ್ 1975ರಲ್ಲಿ ಇದೇ ದಾರಿ ಹಿಡಿಯಿತು. ಅಮೆರಿಕದ ನ್ಯಾಷನಲ್ ಲೀಗ್ ಮಾತ್ರ ಸುಮಾರು ಅರ್ಧ ಶತಮಾನ ಪಟ್ಟು ಬಿಡದೆ, ಕೋವಿಡ್ ಕಾಲದ 2020ರಲ್ಲಿ ಒಮ್ಮೆ ಒಪ್ಪಿ, 2021ರಲ್ಲಿ ಹಿಂದೆ ಸರಿದು, ಕೊನೆಗೆ 2022ರಿಂದ ಶಾಶ್ವತವಾಗಿ ಒಪ್ಪಿಕೊಂಡಿತು.

ಆ 2021ರಲ್ಲಿ ಮೇಜರ್ ಲೀಗಿನ ಪಿಚರ್‌ಗಳ ಒಟ್ಟು ಬ್ಯಾಟಿಂಗ್ ಸರಾಸರಿ .110 ಆಗಿತ್ತು; ಅಂದರೆ ನೂರು ಸರದಿಗೆ ಹನ್ನೊಂದು ಹಿಟ್. ಇಲ್ಲಿ ಒಂದು ಲೆಕ್ಕವನ್ನು ಮನಸ್ಸಿನಲ್ಲಿಡಬೇಕು. ಕ್ರಿಕೆಟ್‌ನಲ್ಲಿ ಹನ್ನೊಂದನೆಯವನು ಔಟಾದರೆ ಇನ್ನಿಂಗ್ಸ್ ಮುಗಿಯಿತು, ಅವನ ದೌರ್ಬಲ್ಯಕ್ಕೆ ತಂಡ ತೆರುವ ಬೆಲೆ ಒಂದೇ ಸಲ. ಬೇಸ್‌ಬಾಲ್‌ನಲ್ಲಿ ಒಂಬತ್ತನೆಯವನೂ, ಅಂದರೆ ಸಾಮಾನ್ಯವಾಗಿ ಪಿಚರ್, ಪಂದ್ಯಕ್ಕೆ ಮೂರು ನಾಲ್ಕು ಸಲ ಬರುತ್ತಾನೆ. ಒಂಬತ್ತು ಇನ್ನಿಂಗ್ಸಿಗೆ ಮೂರು ಮೂರರಂತೆ ತಂಡದ ಕೈಯಲ್ಲಿರುವ 27 ಔಟ್‌ಗಳಲ್ಲಿ ಮೂರನ್ನು ಅವನೊಬ್ಬನೇ ಕಳೆಯಬಲ್ಲ. ಅಷ್ಟೇ ಅಲ್ಲದೆ, ಎದುರು ತಂಡವು ಎಂಟನೆಯ ಬ್ಯಾಟರ್‌ನನ್ನು ಬೇಕೆಂದೇ ಮೊದಲ ಬೇಸಿಗೆ ಕಳುಹಿಸಿ ಪಿಚರ್‌ನ ಬೇಟೆಗೆ ಕಾಯುತ್ತದೆ. ದುಡ್ಡು ಕೊಟ್ಟು ಬಂದ ಪ್ರೇಕ್ಷಕನಿಗೆ ಇದು ಆಟವೆನಿಸದಿದ್ದರೆ ಅವನದು ತಪ್ಪಲ್ಲ.

ಈ ಲೆಕ್ಕ ನಮ್ಮ ಶಾಲೆಯ ಅಂಗಳಕ್ಕೆ ಹಾಗೆಯೇ ಒಪ್ಪುವುದಿಲ್ಲ. ವೃತ್ತಿಪರ ಪಿಚರ್ ಹದಿಹರೆಯದಿಂದಲೇ ಬ್ಯಾಟಿಂಗ್ ಅಭ್ಯಾಸವನ್ನು ಬಿಡುತ್ತಾ ಬಂದವನು. ನಮ್ಮಲ್ಲಿ ಪಿಚರ್ ಆಗಿ ಆಯ್ಕೆಯಾಗುವವನು ಸಾಮಾನ್ಯವಾಗಿ ತಂಡದ ಅತ್ಯುತ್ತಮ ಆಟಗಾರ: ಕೈಯಲ್ಲಿ ಬಲವಿದೆ, ಕಣ್ಣು ಚುರುಕಾಗಿದೆ, ಗದ್ದೆಯ ಅಂಡರ್ ಆರ್ಮ್ ಕ್ರಿಕೆಟ್‌ನಲ್ಲೂ ಅವನೇ ಮುಂದು. ಅಂಥವನನ್ನು, ನಿಯಮ ಇದೆ ಎಂಬ ಒಂದೇ ಕಾರಣಕ್ಕೆ ಬ್ಯಾಟಿಂಗ್‌ನಿಂದ ಹೊರಗಿಟ್ಟರೆ ತಂಡಕ್ಕೂ ನಷ್ಟ, ಆ ಮಗುವಿಗೂ ನಷ್ಟ. ಐಪಿಎಲ್‌ನಲ್ಲಿ 2023ರಿಂದ ಪಂದ್ಯದ ನಡುವೆ ಒಬ್ಬ ಆಟಗಾರನನ್ನು ಬದಲಿಸಲು ಬಿಡುವ ಇಂಪ್ಯಾಕ್ಟ್ ಪ್ಲೇಯರ್ ನಿಯಮ ಬಂದ ಮೇಲೆ, ಇದು ಆಲ್‌ರೌಂಡರ್‌ಗಳ ಬೆಳವಣಿಗೆಗೆ ಅಡ್ಡಿಯಾಗುತ್ತದೆಂದು ರೋಹಿತ್ ಶರ್ಮಾ ಬಹಿರಂಗವಾಗಿಯೇ ಆಕ್ಷೇಪಿಸಿದ್ದನ್ನು ನೆನಪಿಸಿಕೊಳ್ಳಬಹುದು. ನಮ್ಮ ಕುಂಬಳೆಯ ಹೆಸರನ್ನು ಲೋಕಕ್ಕೆಲ್ಲ ಕೊಂಡೊಯ್ದ ಅನಿಲ್ ಕುಂಬ್ಳೆ 1999ರಲ್ಲಿ ದಿಲ್ಲಿಯಲ್ಲಿ ಒಂದೇ ಇನ್ನಿಂಗ್ಸ್‌ನ ಹತ್ತೂ ವಿಕೆಟ್ ಕಿತ್ತ ಬೌಲರ್. ಅದೇ ಕುಂಬ್ಳೆ 2007ರಲ್ಲಿ ಓವಲ್‌ನಲ್ಲಿ ಅಜೇಯ 110 ಹೊಡೆದರು. ಟೆಸ್ಟ್ ಆಡಲಾರಂಭಿಸಿ ಹದಿನೇಳು ವರ್ಷಗಳ ಮೇಲೆ ಬಂದ ಆ ಏಕೈಕ ಶತಕ, ಬೌಲರ್‌ಗೆ ಬ್ಯಾಟ್ ಬೇಡವೆನ್ನುವ ನಿಯಮವಿದ್ದಿದ್ದರೆ ಬರುತ್ತಲೇ ಇರಲಿಲ್ಲ.

ಹಾಗಾದರೆ ನಿರ್ಧರಿಸುವುದು ಹೇಗೆ? ಅಭ್ಯಾಸದ ದಿನಗಳಲ್ಲಿ ಒಂದು ನೋಟ್ ಪುಸ್ತಕವಿಟ್ಟು, ನಿಮ್ಮ ಪಿಚರ್ ಮತ್ತು ನೀವು ಡಿ.ಎಚ್. ಮಾಡಬೇಕೆಂದಿರುವ ಹತ್ತನೆಯ ಆಟಗಾರ, ಇಬ್ಬರಿಗೂ ಒಂದೇ ವೇಗದ ಎಸೆತಗಳನ್ನು ಎದುರಿಸಲು ಕೊಡಿ. ಕನಿಷ್ಠ ಇಪ್ಪತ್ತು ಇಪ್ಪತ್ತು ಸರದಿಯಾದರೂ ಆಗಲಿ. ಎಷ್ಟು ದೂರ ಹೊಡೆದರೆಂಬುದನ್ನು ಬಿಟ್ಟು, ಎಷ್ಟು ಸಲ ಔಟಾಗದೆ ಬೇಸ್ ಸೇರಿದರೆಂಬುದನ್ನು ಮಾತ್ರ ಬರೆದುಕೊಳ್ಳಿ. ನಾಲ್ಕು ಬಾಲ್ ಬಿಟ್ಟು ನಡೆದುಹೋದದ್ದೂ ಲೆಕ್ಕಕ್ಕೆ ಸೇರಬೇಕು. ಇಬ್ಬರ ನಡುವಿನ ಅಂತರ ಇಪ್ಪತ್ತರಲ್ಲಿ ಎರಡು ಮೂರರಷ್ಟೇ ಇದ್ದರೆ ಪಿಚರ್ ಬ್ಯಾಟ್ ಮಾಡಲಿ. ಐದಾರರಷ್ಟಿದ್ದರೆ ಡಿ.ಎಚ್. ಪರವಾಗಿ ಯೋಚಿಸಬಹುದು.

ಲೆಕ್ಕದಷ್ಟೇ ಮುಖ್ಯವಾದ ಇನ್ನೊಂದು ವಿಷಯವೆಂದರೆ ಎಸೆಯುವ ತೋಳು. ಬಲಗೈಯಲ್ಲಿ ಎಸೆಯುವ ಪಿಚರ್ ಬಲಗೈ ಬ್ಯಾಟರ್ ಆಗಿಯೇ ನಿಂತರೆ ಚೆಂಡಿಗೆ ಎದುರಾಗಿರುವುದು ಅವನ ಎಡತೋಳು. ಆದರೆ ಬಲಗೈಯಲ್ಲಿ ಎಸೆದು ಎಡಗೈ ಬ್ಯಾಟಿಂಗ್ ಮಾಡುವ ಹುಡುಗರು ಕ್ರಿಕೆಟ್ ನೆಲದಲ್ಲಿ ಧಾರಾಳವಾಗಿದ್ದಾರೆ. ಅಂಥವನ ಎಸೆಯುವ ತೋಳೇ ಎದುರಾಳಿಯ ಚೆಂಡಿನತ್ತ ತೆರೆದುಕೊಂಡಿರುತ್ತದೆ. ಅವನಿಗೆ ಮೊಣಕೈ ಗಾರ್ಡ್ ಇಲ್ಲದೆ ಬ್ಯಾಟ್ ಕೊಡಬೇಡಿ. ಓಟದಲ್ಲೂ ಅಪಾಯವಿದೆ. 2008ರಲ್ಲಿ ಯಾಂಕೀಸ್‌ನ ಪಿಚರ್ ಚೆನ್-ಮಿಂಗ್ ವಾಂಗ್ ಬೇಸ್‌ಗಳ ನಡುವೆ ಓಡುವಾಗ ಪಾದಕ್ಕೆ ಪೆಟ್ಟುಮಾಡಿಕೊಂಡು ಆ ಋತುವನ್ನೇ ಕಳೆದುಕೊಂಡರು. 2015ರಲ್ಲಿ ಆಡಂ ವೇನ್‌ರೈಟ್ ಬ್ಯಾಟ್ ಮಾಡುತ್ತಿದ್ದಾಗ ಹಿಮ್ಮಡಿಯ ಸ್ನಾಯುರಜ್ಜು ಹರಿಯಿತು. ನಮ್ಮ ಪದವಿನ ಮೈದಾನಗಳಲ್ಲಿ ಮಣ್ಣಿನ ಮೇಲ್ಪದರ ತೆಳು, ಕೆಳಗೆ ಮುರಕಲ್ಲು. ಅಲ್ಲಿ ಕೈಚಾಚಿ ಜಾರಿ ಬೇಸ್ ಮುಟ್ಟುವ ಸಾಹಸ ಮಾಡಿದರೆ ಅಂಗೈಯ ಚರ್ಮ ಕಿತ್ತುಬರುತ್ತದೆ, ಆ ಅಂಗೈಯಲ್ಲಿ ಮತ್ತೆ ಚೆಂಡು ಹಿಡಿಯಲಾಗದು. ಬ್ಯಾಟ್ ಮಾಡುವ ಪಿಚರ್‌ಗೆ ನಿಂತೇ ಬೇಸ್ ಸೇರುವಂತೆ ಕಟ್ಟುನಿಟ್ಟಾಗಿ ಹೇಳಿ. ಫೆಬ್ರವರಿ, ಮಾರ್ಚ್‌ನ ಕರಾವಳಿ ಸೆಖೆಯಲ್ಲಿ ಅವನು ಎರಡನೆಯ ಬೇಸ್‌ನಲ್ಲಿರುವಾಗಲೇ ಮೂರನೆಯ ಔಟ್ ಬಿದ್ದರೆ, ಏದುಸಿರಿನಲ್ಲೇ ದಿಬ್ಬಕ್ಕೆ ಕಳುಹಿಸದೆ, ನೀರು ಕುಡಿಯುವಷ್ಟು ಹೊತ್ತನ್ನು ಅಂಪೈರ್ ಬಳಿ ಕೇಳಿ ಪಡೆಯಿರಿ.

ಡಿ.ಎಚ್. ಬೇಕೆಂದು ತೀರ್ಮಾನವಾದರೆ ಆ ಜಾಗವನ್ನು ಯಾರಿಗೆ ಕೊಡಬೇಕು? ಹೊಡೆತ ಚೆನ್ನಾಗಿದ್ದು ಓಟ ನಿಧಾನವಿರುವ ಮಗು, ಭುಜದ ನೋವಿನಿಂದ ಎಸೆಯಲಾಗದ ಮಗು, ಬೆಂಚಿನಲ್ಲೇ ಉಳಿದುಬಿಡುತ್ತಿದ್ದ ಮಗು: ಇವರಿಗೆ ಈ ನಿಯಮ ನಿಜವಾದ ವರ. ಶಾಲೆಯಲ್ಲಿ ಡಿ.ಎಚ್. ಪರವಾಗಿ ನಾನು ಮನಸಾರೆ ಒಪ್ಪುವ ವಾದ ಇದೊಂದೇ. ಆದರೆ ಫೀಲ್ಡಿಂಗ್ ಇಲ್ಲದವನ ಗಮನ ಬೇಗನೆ ಚದುರುತ್ತದೆ. ಎದುರು ಪಿಚರ್‌ನ ಯಾವ ಎಸೆತ ಯಾವ ಹೊತ್ತಿಗೆ ಬರುತ್ತದೆಂದು ಬರೆದುಕೊಳ್ಳುವ ಕೆಲಸವನ್ನು ಅವನಿಗೇ ವಹಿಸಿ.

ಇನ್ನು ಪಟ್ಟಿ. ಮೈದಾನದ ಸ್ಥಾನಗಳಿಗೆ ಸಂಖ್ಯೆಗಳಿವೆ: ಪಿಚರ್ 1, ಕ್ಯಾಚರ್ 2, ಮೊದಲ ಬೇಸ್ 3, ಎರಡನೆಯದು 4, ಮೂರನೆಯದು 5, ಶಾರ್ಟ್‌ಸ್ಟಾಪ್ (ಎರಡನೆಯ, ಮೂರನೆಯ ಬೇಸ್‌ಗಳ ನಡುವೆ ನಿಲ್ಲುವವನು) 6, ಎಡ ಫೀಲ್ಡ್ 7, ನಡು 8, ಬಲ 9. ಬ್ಯಾಟಿಂಗ್ ಕ್ರಮದ ಒಂಬತ್ತು ಸಾಲುಗಳಲ್ಲಿ ಒಂದರಲ್ಲಿ ಹೆಸರಿನ ಮುಂದೆ ಸಂಖ್ಯೆಗೆ ಬದಲಾಗಿ ಡಿ.ಎಚ್. ಎಂದು ಬರೆದು, ಒಂಬತ್ತನೆಯ ಸಾಲಿನ ಕೆಳಗೆ ಗೆರೆ ಎಳೆದು, ಅದರಡಿಯಲ್ಲಿ ಪಿಚರ್‌ನ ಹೆಸರನ್ನೂ 1 ಎಂಬ ಸಂಖ್ಯೆಯನ್ನೂ ಬರೆಯಬೇಕು. ಪಂದ್ಯಕ್ಕೆ ಮೊದಲು ಡಿ.ಎಚ್. ಹೆಸರು ಕೊಡದಿದ್ದರೆ ಆ ಪಂದ್ಯದಲ್ಲಿ ಮತ್ತೆ ಸೇರಿಸಲು ಬರುವುದಿಲ್ಲ. ಹೆಸರಿಸಿದ ಡಿ.ಎಚ್., ಎದುರು ತಂಡ ಪಿಚರ್ ಬದಲಿಸದ ಹೊರತು, ಒಂದು ಸರದಿಯನ್ನಾದರೂ ಆಡಲೇಬೇಕು.

ಗೊಂದಲ ಹುಟ್ಟುವುದು ನಡುವಿನಲ್ಲಿ. ನಿಮ್ಮ ಡಿ.ಎಚ್. ನಾಲ್ಕನೆಯ ಸಾಲಿನಲ್ಲಿದ್ದಾನೆ, ಎಡ ಫೀಲ್ಡಿನವನು ಎಂಟನೆಯ ಸಾಲಿನಲ್ಲಿದ್ದಾನೆ ಎಂದಿಟ್ಟುಕೊಳ್ಳಿ. ಎಡ ಫೀಲ್ಡಿನವನಿಗೆ ಕಾಲು ಉಳುಕಿ, ಬೇರೆ ಬದಲಿ ಆಟಗಾರನಿಲ್ಲದೆ ಡಿ.ಎಚ್.ನನ್ನೇ ಅಲ್ಲಿಗೆ ಕಳುಹಿಸಿದಿರಿ. ಅವನು ನಾಲ್ಕನೆಯ ಸಾಲಿನಲ್ಲೇ ಬ್ಯಾಟ್ ಮಾಡುತ್ತಾನೆ. ಖಾಲಿಯಾದ ಎಂಟನೆಯ ಸಾಲಿಗೆ ನಿಮ್ಮ ಪಿಚರ್ ಬರಬೇಕು, ಪಂದ್ಯ ಮುಗಿಯುವವರೆಗೆ ಡಿ.ಎಚ್. ಇಲ್ಲ. ಪಿಚರ್‌ನನ್ನು ಬೇರೆ ಫೀಲ್ಡಿಂಗ್ ಸ್ಥಾನಕ್ಕೆ ಸರಿಸಿದರೂ, ಡಿ.ಎಚ್. ಪರವಾಗಿ ಪಿಚರ್ ಬ್ಯಾಟ್ ಮಾಡಿದರೂ ಓಡಿದರೂ ಇದೇ ಫಲ. ಡಿ.ಎಚ್.ನ ಬದಲಿಗೆ ಬೇರೊಬ್ಬ ಬ್ಯಾಟ್ ಮಾಡಿದರೆ ಅಥವಾ ಓಡಿದರೆ ಅವನೇ ಹೊಸ ಡಿ.ಎಚ್.; ಹೊರಬಂದವನು ಮರಳಿ ಆಡುವಂತಿಲ್ಲ. ಆದ್ದರಿಂದ ಪಿಚರ್ ಕೂಡ ಅಭ್ಯಾಸದಲ್ಲಿ ಬ್ಯಾಟ್ ಹಿಡಿದಿರಲೇಬೇಕು, ಬ್ಯಾಟನ್ನು ಅಡ್ಡ ಹಿಡಿದು ಚೆಂಡನ್ನು ಮೆಲ್ಲನೆ ತಟ್ಟುವ ಬಂಟ್ ಮಾಡುವುದನ್ನಾದರೂ ಕಲಿತಿರಬೇಕು.

ಸಾಫ್ಟ್‌ಬಾಲ್ ಆಡುವವರು ಇದನ್ನು ಹಾಗೆಯೇ ಎತ್ತಿಕೊಳ್ಳಬಾರದು. ಅಲ್ಲಿರುವುದು ಡಿ.ಪಿ. (ಡೆಸಿಗ್ನೇಟೆಡ್ ಪ್ಲೇಯರ್) ಮತ್ತು ಫ್ಲೆಕ್ಸ್ (ಡಿ.ಪಿ. ಯಾರ ಪರವಾಗಿ ಬ್ಯಾಟ್ ಮಾಡುತ್ತಾರೋ ಆ ಫೀಲ್ಡರ್) ಎಂಬ ಜೋಡಿ. ಡಿ.ಪಿ. ಯಾವ ಫೀಲ್ಡರ್ ಪರವಾಗಿಯೂ ಬ್ಯಾಟ್ ಮಾಡಬಹುದು, ಫ್ಲೆಕ್ಸ್ ಹೆಸರು ಹತ್ತನೆಯ ಸಾಲಿನಲ್ಲಿರುತ್ತದೆ, ಫ್ಲೆಕ್ಸ್ ಬ್ಯಾಟ್ ಮಾಡಬೇಕಾದರೆ ಡಿ.ಪಿ.ಯ ಸಾಲಿನಲ್ಲಿ ಮಾತ್ರ. ಬೇಸ್‌ಬಾಲ್‌ಗಿಂತ ಇದು ಹೆಚ್ಚು ಉದಾರವಾದ ಏರ್ಪಾಡು.

ಸ್ನೇಹಪೂರ್ವಕ ಪಂದ್ಯವಾದರೆ ಎರಡೂ ತಂಡಗಳ ಕೋಚ್‌ಗಳು ಅಂಪೈರ್ ಎದುರಿನಲ್ಲೇ ಯಾವ ನಿಯಮವೆಂದು ಒಪ್ಪಿಕೊಂಡು ಪಟ್ಟಿಯ ಮೇಲ್ಭಾಗದಲ್ಲಿ ಬರೆದಿಡಲಿ. ನಿಮ್ಮ ಪಿಚರ್ ತಂಡದ ಒಳ್ಳೆಯ ಬ್ಯಾಟರ್ ಕೂಡ ಆಗಿದ್ದರೆ, ಎಸೆತ, ಬ್ಯಾಟಿಂಗ್ ಎರಡನ್ನೂ ಮಾಡುವ ಜಪಾನಿನ ಆಟಗಾರ ಶೋಹೇ ಓಟಾನಿಯಿಂದಾಗಿ 2022ರಲ್ಲಿ ಮೇಜರ್ ಲೀಗ್ ತಂದ ಅವಕಾಶವನ್ನು ಒಪ್ಪಿಕೊಳ್ಳುವಂತೆ ಎದುರು ತಂಡವನ್ನು ಕೇಳಿ. ಅದರಂತೆ ಪಂದ್ಯ ಆರಂಭಿಸುವ ಪಿಚರ್ ತಾನೇ ತನ್ನ ಡಿ.ಎಚ್. ಆಗಬಹುದು. ಬ್ಯಾಟಿಂಗ್ ಸಾಲಿನಲ್ಲಿ ಒಮ್ಮೆ ಡಿ.ಎಚ್. ಎಂದು, ಗೆರೆಯ ಕೆಳಗೆ ಇನ್ನೊಮ್ಮೆ ಪಿಚರ್ ಎಂದು ಒಂದೇ ಹೆಸರನ್ನು ಎರಡು ಕಡೆ ಬರೆಯಿರಿ. ಐದನೆಯ ಇನ್ನಿಂಗ್ಸ್‌ನಲ್ಲಿ ತೋಳು ದಣಿದು ಅವನು ದಿಬ್ಬದಿಂದ ಇಳಿದರೂ ಬ್ಯಾಟಿಂಗ್ ಸಾಲಿನಲ್ಲಿ ಅವನ ಹೆಸರು ಉಳಿಯುತ್ತದೆ. ಮತ್ತೆ ಎಸೆಯಲು ಮಾತ್ರ ಬರುವಂತಿಲ್ಲ.