ರಸ್ತೆ ಮೇಲಿನ ಬಾಣ ತೋರಿಸಿದ ಕಡೆಗೇ ಹೋಗಬೇಕಾ?

ಮೊನ್ನೆ ಸಂಜೆ ನಮ್ಮ ಮನೆ ಹತ್ತಿರದ ಸಿಗ್ನಲ್‌ನಲ್ಲಿ ನಿಂತಿದ್ದೆ. ಮೂರು ಲೇನ್‌ಗಳ ರಸ್ತೆ. ಎಡಗಡೆಯ ಲೇನ್‌ನಲ್ಲಿ ಎಡಕ್ಕೆ ಬಾಗಿದ ಬಿಳಿ ಬಾಣ. ಸರಿಯಾಗಿ ಅದರ ಮೇಲೆಯೇ ನಿಂತಿದ್ದ ಕಾರು ಹಸಿರು ದೀಪ ಬಂದದ್ದೇ ಬಲಕ್ಕೆ ತಿರುಗಿತು. ನೇರ ಹೋಗುತ್ತಿದ್ದ ಸ್ಕೂಟರಿನಲ್ಲಿ ತಾಯಿ, ಮುಂದೆ ನಿಂತ ಪುಟ್ಟ ಮಗು. ಆಕೆ ಬ್ರೇಕ್ ಹಿಡಿದ ಸದ್ದಿಗೆ ನನ್ನ ಎದೆ ಝಲ್ಲೆಂದಿತು. ಏನೂ ಆಗಲಿಲ್ಲ, ಪುಣ್ಯ. ಮುಂದಿನ ಸಿಗ್ನಲ್‌ನಲ್ಲಿ ಅದೇ ಕಾರು ಪಕ್ಕಕ್ಕೆ ಬಂತು. ಬಾಣ ನೋಡಲಿಲ್ವಾ ಅಂತ ಕೇಳಿದೆ. ‘ಅದು ಸುಮ್ನೆ ಪೇಂಟ್ ಸಾರ್, ರೂಲ್ಸ್ ಏನಲ್ಲ’ ಅಂದರು.

ಈ ಮಾತನ್ನು ನಾನು ಕೇಳಿದ್ದು ಇದೇ ಮೊದಲಲ್ಲ. ಹತ್ತು ವರ್ಷ ಗಾಡಿ ಓಡಿಸಿದವರೂ ಹೀಗೇ ಹೇಳುತ್ತಾರೆ. ಹಾಗಾಗಿ ಮೊದಲು ಕಾನೂನು ನೋಡೋಣ. ಆಮೇಲೆ ಬಾಣವಿರುವ ಜಂಕ್ಷನ್ ದಾಟುವ ಕ್ರಮ.

ಹೆಜ್ಜೆ 1: ಕಾನೂನು ತಿಳಿದುಕೊಳ್ಳಿ

1988ರ ಮೋಟಾರು ವಾಹನ ಕಾಯ್ದೆಯ 2ನೇ ಸೆಕ್ಷನ್‌ನಲ್ಲಿ ‘ಸಂಚಾರ ಚಿಹ್ನೆ’ ಅಂದರೆ ಏನು ಎಂದು ಬರೆದಿದ್ದಾರೆ. ಕಂಬದ ಮೇಲಿನ ಫಲಕ, ಸಿಗ್ನಲ್ ದೀಪಗಳ ಜೊತೆಗೆ ರಸ್ತೆಯ ಮೇಲೆ ಬರೆದ ಗುರುತುಗಳೂ ಆ ಪಟ್ಟಿಯಲ್ಲಿವೆ. ಅಂದರೆ ಬಾಣ ಬರೀ ಪೇಂಟ್ ಅಲ್ಲ.

ಗೊಂದಲ ಶುರುವಾಗುವುದು 119ನೇ ಸೆಕ್ಷನ್‌ನಲ್ಲಿ. ಅಲ್ಲಿ ‘ಕಡ್ಡಾಯ ಸಂಚಾರ ಚಿಹ್ನೆ’ ಎಂಬ ಬೇರೆ ಗುಂಪಿದೆ. ಕಾಯ್ದೆಯ ಮೊದಲ ಅನುಸೂಚಿಯ ಎ ಭಾಗದಲ್ಲಿರುವ ಫಲಕಗಳು, ಮತ್ತು ಅದೇ ತರಹದ ಕೆಂಪು ಅಂಚಿನ ದುಂಡನೆಯ ಫಲಕಗಳು ಅದರಲ್ಲಿ ಬರುತ್ತವೆ. ನೆಲದ ಮೇಲಿನ ಬಾಣ ದುಂಡನೆಯ ಫಲಕವಲ್ಲ. ‘ನೋಡಿ, ಕಡ್ಡಾಯ ಅಲ್ಲ’ ಎಂದು ವಾದ ಮಾಡುವವರು ಇಲ್ಲಿಗೇ ಓದು ನಿಲ್ಲಿಸುತ್ತಾರೆ. ಅದೇ ಸೆಕ್ಷನ್ ಇನ್ನೊಂದು ಮಾತು ಹೇಳುತ್ತದೆ. ಕೇಂದ್ರ ಸರ್ಕಾರ ಮಾಡಿದ ಚಾಲನಾ ನಿಯಮಾವಳಿಯನ್ನೂ ಪ್ರತಿ ಚಾಲಕ ಪಾಲಿಸಲೇಬೇಕು. ಮೊದಲು 1989ರ ನಿಯಮಾವಳಿ ಇತ್ತು. ಅದರ ಜಾಗಕ್ಕೆ 2017ರಲ್ಲಿ ಹೊಸದು ಬಂತು. ಲೇನ್ ಗುರುತು ಇರುವ ಕಡೆ ಲೇನ್ ಒಳಗೇ ಓಡಿಸಬೇಕು, ಬದಲಿಸುವುದಾದರೆ ಸೂಚನೆ ಕೊಟ್ಟೇ ಬದಲಿಸಬೇಕು. ಎಡಕ್ಕೆ ತಿರುಗುವವರು ಎಡಬದಿಗೆ, ಬಲಕ್ಕೆ ತಿರುಗುವವರು ರಸ್ತೆಯ ನಡುಗೆರೆಯ ಹತ್ತಿರಕ್ಕೆ ಮೊದಲೇ ಬಂದಿರಬೇಕು. ಎಡಗಡೆಯ ಬಾಣದ ಮೇಲಿಂದ ಬಲಕ್ಕೆ ತಿರುಗಿದರೆ ಇವೆಲ್ಲವನ್ನೂ ಒಟ್ಟಿಗೆ ಮುರಿದಂತೆ.

ದಂಡ ಎಷ್ಟು? 2019ರ ತಿದ್ದುಪಡಿಯಲ್ಲಿ ಬಂದ 177ಎ ಸೆಕ್ಷನ್ ಪ್ರಕಾರ ಚಾಲನಾ ನಿಯಮಾವಳಿ ಮುರಿದರೆ 500ರಿಂದ 1000 ರೂಪಾಯಿ. ಸ್ಥಳದಲ್ಲೇ ಕಟ್ಟಿ ಮುಗಿಸುವ ಮೊತ್ತವನ್ನು ರಾಜ್ಯ ಸರ್ಕಾರ ನಿಗದಿ ಮಾಡುತ್ತದೆ. ನನಗೆ ದಂಡಕ್ಕಿಂತ ದೊಡ್ಡದಾಗಿ ಕಾಣುವುದು ಅಪಘಾತದ ನಂತರದ ಕಥೆ. ಪೊಲೀಸರು ಮಹಜರು ಮಾಡುತ್ತಾರೆ, ಜಾಗದ ನಕ್ಷೆ ಬರೆಯುತ್ತಾರೆ. ನಿಮ್ಮ ಗಾಡಿ ಯಾವ ಲೇನ್‌ನಿಂದ ಎಲ್ಲಿಗೆ ಹೋಯಿತು ಅನ್ನುವುದು ಅದರಲ್ಲಿ ಬರುತ್ತದೆ. ಪರಿಹಾರದ ಕೇಸಿನಲ್ಲಿ ತಪ್ಪು ಯಾರದು, ಎಷ್ಟು ಪಾಲು ಎಂದು ತೂಗುವಾಗ ಆ ನಕ್ಷೆ ಮಾತಾಡುತ್ತದೆ. ಅಜಾಗರೂಕ ಚಾಲನೆಗೆ ಈಗ ಭಾರತೀಯ ನ್ಯಾಯ ಸಂಹಿತೆಯ 281ನೇ ಸೆಕ್ಷನ್ ಇದೆ. ಯಾರಾದರೂ ಸತ್ತರೆ 106ನೇ ಸೆಕ್ಷನ್.

‘ಬಾಣ ಬರೀ ಸಲಹೆ’ ಅನ್ನುವ ಮಾತು ಹಲವರಿಗೆ ಹೊರದೇಶದ ವಿಡಿಯೊಗಳಿಂದ ಬಂದಿರುತ್ತದೆ. ಬ್ರಿಟನ್ನಿನಲ್ಲಿ ಲೇನ್ ಬಾಣ ಸಾಮಾನ್ಯವಾಗಿ ಸಲಹೆಯೇ ಹೌದು. ಆದರೆ ಅಲ್ಲೂ ಅದನ್ನು ಮೀರಿ ಇನ್ನೊಬ್ಬರಿಗೆ ಅಪಾಯ ತಂದರೆ ಅಜಾಗರೂಕ ಚಾಲನೆಯ ಕೇಸ್ ಬೀಳುತ್ತದೆ. ಜರ್ಮನಿಯಲ್ಲಿ ನಿಯಮ ಇನ್ನೂ ಬಿಗಿ. ಬಾಣಗಳ ನಡುವೆ ಲೇನ್ ಗೆರೆ ಇದ್ದರೆ ಬಾಣದ ದಿಕ್ಕಿಗೇ ಹೋಗಬೇಕು, ಬಾಣ ಬರೆದ ಭಾಗದಲ್ಲಿ ಗಾಡಿ ನಿಲ್ಲಿಸಿಕೊಳ್ಳುವಂತೆಯೂ ಇಲ್ಲ. ನಿಮ್ಮ ಮಕ್ಕಳು ಮ್ಯೂನಿಕ್‌ನಲ್ಲೋ ಸ್ಟುಟ್‌ಗಾರ್ಟ್‌ನಲ್ಲೋ ಇದ್ದು, ನೀವು ಅಲ್ಲಿ ಹೋದಾಗ ಕಾರು ಓಡಿಸುವುದಾದರೆ ಇದು ನೆನಪಿರಲಿ.

ಹೆಜ್ಜೆ 2: ಬಾಣ ಓದಿ

ನೇರ ಬಾಣ ನೇರಕ್ಕೆ, ಬಾಗಿದ ಬಾಣ ಬಾಗಿದ ಕಡೆಗೆ, ಎರಡು ತಲೆಯ ಬಾಣ ಎರಡರಲ್ಲಿ ಯಾವುದಾದರೂ ಒಂದಕ್ಕೆ. ಓರೆಯಾಗಿ ಪಕ್ಕಕ್ಕೆ ವಾಲಿದ ಬಾಣ ಕಂಡರೆ ಆ ಬದಿಗೆ ಸರಿದುಕೊಳ್ಳಿ, ನಿಮ್ಮ ಲೇನ್ ಮುಂದೆ ಮುಗಿಯುತ್ತದೆ.

ಒಂದು ತಪ್ಪು ಮಾತ್ರ ದಿನಾ ನೋಡುತ್ತೇನೆ. ಎಡಕ್ಕೆ ಬಾಣ ಇದೆ ಅಂದರೆ ಕೆಂಪು ದೀಪದಲ್ಲೂ ಎಡಕ್ಕೆ ಹೋಗಬಹುದು ಎಂದುಕೊಳ್ಳುತ್ತಾರೆ. ಇಲ್ಲ. ನೆಲದ ಬಾಣ ಎಲ್ಲಿಗೆ ಹೋಗಬಹುದು ಅಂತ ಹೇಳುತ್ತದೆ. ಯಾವಾಗ ಹೋಗಬಹುದು ಅಂತ ಹೇಳುವುದು ದೀಪ. ‘ಫ್ರೀ ಲೆಫ್ಟ್’ ಫಲಕವೋ ಎಡಕ್ಕೆ ತೋರಿಸುವ ಹಸಿರು ಬಾಣದ ದೀಪವೋ ಇಲ್ಲದಿದ್ದರೆ ನಿಲ್ಲಬೇಕು. ಹಿಂದಿನವರು ಹಾರ್ನ್ ಹೊಡೆಯಲಿ ಬಿಡಿ.

ಹೆಜ್ಜೆ 3: ಮೊದಲ ಬಾಣದ ಹತ್ತಿರವೇ ಲೇನ್ ಹಿಡಿಯಿರಿ

ಎಲ್ಲರೂ ಎಡವುವುದು ಇಲ್ಲೇ. ಹಾಗಾಗಿ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ದೊಡ್ಡ ಜಂಕ್ಷನ್‌ಗಳಲ್ಲಿ ಬಾಣವನ್ನು ಒಂದೇ ಸಲ ಬರೆದು ಬಿಡುವುದಿಲ್ಲ. ದೂರದಲ್ಲಿ ಒಂದು, ಹತ್ತಿರದಲ್ಲಿ ಇನ್ನೊಂದು ಇರುತ್ತದೆ. ದೂರದ ಬಾಣ ನಿಮಗೆ ಯೋಚಿಸಲು ಸಮಯ ಕೊಡಲು ಬರೆದದ್ದು. ಹೆಚ್ಚಿನವರು ಅದನ್ನು ನೋಡದೆ ದಾಟಿ, ಸ್ಟಾಪ್ ಲೈನ್ ಹತ್ತಿರದ ಬಾಣ ನೋಡಿ ಗಾಬರಿಯಾಗುತ್ತಾರೆ. ಅಷ್ಟು ಹೊತ್ತಿಗೆ ಲೇನ್‌ಗಳ ನಡುವಿನ ತುಂಡು ಗೆರೆ ಮುಗಿದು ಉದ್ದನೆಯ ಗೆರೆ ಶುರುವಾಗಿರುತ್ತದೆ. ತುಂಡು ಗೆರೆ ಇರುವಷ್ಟು ಹೊತ್ತು ಲೇನ್ ಬದಲಿಸಬಹುದು. ಉದ್ದ ಗೆರೆ ಶುರುವಾದ ಮೇಲೆ ಬದಲಿಸಬೇಡಿ.

ಹೀಗೆ ಮಾಡಿ. ಜಂಕ್ಷನ್ ಹತ್ತಿರ ಬರುತ್ತಿದೆ ಅಂತ ಗೊತ್ತಾದಾಗ ಮುಂದಿನ ಗಾಡಿಯಿಂದ ಸ್ವಲ್ಪ ಜಾಸ್ತಿ ಅಂತರ ಬಿಡಿ. ಅಂಟಿಕೊಂಡು ಹೋದರೆ ಬಾಣ ಆ ಗಾಡಿಯ ಕೆಳಗೇ ಇರುತ್ತದೆ, ನಿಮಗೆ ಕಾಣುವುದೇ ಇಲ್ಲ. ಬಾಣವನ್ನು ಅಷ್ಟು ಉದ್ದ ಎಳೆದು ಬರೆಯುವುದೇ ದೂರದಿಂದ, ತಗ್ಗಿನಲ್ಲಿ ಕೂತು ನೋಡುವವರಿಗೆ ಸರಿಯಾಗಿ ಕಾಣಲಿ ಅಂತ. ಮೇಲ್ಸೇತುವೆಯಿಂದ ಇಣುಕಿದರೆ ಅದು ವಿಪರೀತ ಉದ್ದ ಕಾಣುತ್ತದೆ, ಸೀಟಿನಲ್ಲಿ ಕೂತಾಗ ಸರಿ ಇರುತ್ತದೆ. ಆ ಲಾಭ ಸಿಗಬೇಕಾದರೆ ಅಂತರ ಬೇಕು.

ಬಾಣ ಕಂಡಿತು, ಬೇರೆ ಲೇನ್‌ಗೆ ಹೋಗಬೇಕು ಅಂತಿಟ್ಟುಕೊಳ್ಳಿ. ಒಳಗಿನ ಕನ್ನಡಿ ನೋಡಿ. ಹೊರಗಿನ ಕನ್ನಡಿ ನೋಡಿ. ಇಂಡಿಕೇಟರ್ ಹಾಕಿ. ಮನಸ್ಸಿನಲ್ಲಿ ಮೂರು ಎಣಿಸಿ. ಭುಜದ ಮೇಲಿಂದ ಒಮ್ಮೆ ತಿರುಗಿ ನೋಡಿ. ಜಾಗ ಇದ್ದರೆ ಮಾತ್ರ ಸರಿಯಿರಿ. ಇಂಡಿಕೇಟರ್ ಹಾಕುತ್ತಲೇ ಸ್ಟೀರಿಂಗ್ ತಿರುಗಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಹಿಂದಿನವರಿಗೆ ಅದು ಸೂಚನೆ ಆಗುವುದಿಲ್ಲ, ಆಗಿಹೋದ ಸುದ್ದಿ ಆಗುತ್ತದೆ. ಎರಡು ಲೇನ್ ದಾಟಬೇಕಾದರೆ ಒಂದು ದಾಟಿ, ಆ ಲೇನ್‌ನಲ್ಲಿ ಸ್ವಲ್ಪ ದೂರ ನೇರ ಹೋಗಿ, ಮತ್ತೆ ಇಂಡಿಕೇಟರ್ ಹಾಕಿ ಇನ್ನೊಂದಕ್ಕೆ ಹೋಗಿ. ಒಂದೇ ಓರೆ ಗೆರೆಯಲ್ಲಿ ಎರಡನ್ನೂ ದಾಟಬೇಡಿ.

ಭುಜದ ಮೇಲಿಂದ ನೋಡುವ ಬದಲು ಕನ್ನಡಿಯ ಮೂಲೆಗೆ ಪುಟ್ಟ ಉಬ್ಬು ಕನ್ನಡಿ ಅಂಟಿಸಿಕೊಳ್ಳುವವರಿದ್ದಾರೆ. ಸಿಗ್ನಲ್‌ನಲ್ಲಿ ಮಾರುವ ಅಗ್ಗದವನ್ನು ಕೊಳ್ಳಬೇಡಿ. ನಡುಗುತ್ತವೆ, ಬಿಸಿಲಿಗೆ ಅಂಟು ಬಿಡುತ್ತದೆ. ಒಳ್ಳೆಯದೇ ತಂದರೂ ಅದರಲ್ಲಿ ಬೈಕ್ ಇರುವುದಕ್ಕಿಂತ ದೂರದಲ್ಲಿ ಕಾಣುತ್ತದೆ. ಕತ್ತು ತಿರುಗಿಸುವುದೇ ಸರಿ.

ಮೊಬೈಲ್ ಮ್ಯಾಪ್ ನಂಬಿ ಲೇನ್ ಆರಿಸುವುದನ್ನೂ ಬಿಡಿ. ಅದು ‘200 ಮೀಟರ್‌ನಲ್ಲಿ ಬಲಕ್ಕೆ’ ಅನ್ನುವ ಹೊತ್ತಿಗೆ ನಮ್ಮ ಟ್ರಾಫಿಕ್‌ನಲ್ಲಿ ತಡವಾಗಿರುತ್ತದೆ. ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಂತೂ ಮೇಲ್ಸೇತುವೆಯೋ ಸರ್ವಿಸ್ ರಸ್ತೆಯೋ ಎಂದು ಬಹಳ ಮೊದಲೇ ತೀರ್ಮಾನಿಸಬೇಕು. ಹೊರಡುವ ಮುಂಚೆ ಮನೆಯಲ್ಲೇ ಒಮ್ಮೆ ದಾರಿ ನೋಡಿ, ಯಾವ ಯಾವ ಜಂಕ್ಷನ್‌ನಲ್ಲಿ ಬಲಕ್ಕೆ ಹೋಗಬೇಕು ಅಂತ ಮನಸ್ಸಿನಲ್ಲಿಟ್ಟುಕೊಳ್ಳಿ. ಎರಡು ನಿಮಿಷದ ಕೆಲಸ.

ಮಳೆಗಾಲದ ರಾತ್ರಿ ಇನ್ನೂ ಕಷ್ಟ. ಬಿಸಿ ಮಾಡಿ ಹಾಕುವ ದಪ್ಪ ಬಣ್ಣದಲ್ಲಿ ಸಣ್ಣ ಗಾಜಿನ ಮಣಿಗಳಿರುತ್ತವೆ. ಹೆಡ್‌ಲೈಟ್ ಬೆಳಕು ಅವುಗಳಿಗೆ ತಗುಲಿ ವಾಪಸ್ ಬಂದಾಗ ಬಾಣ ಹೊಳೆಯುತ್ತದೆ. ಮೇಲೆ ನೀರು ನಿಂತರೆ ಹೊಳಪು ಹೋಗುತ್ತದೆ, ಬಾಣ ಮಾಯ. ಆಗ ಹಳೆಯ ನಿಯಮವೇ ಗತಿ: ಬಲಕ್ಕೆ ಹೋಗುವವರು ನಡುಗೆರೆ ಕಡೆ, ಎಡಕ್ಕೆ ಹೋಗುವವರು ಎಡಬದಿ. ಬೈಕಿನವರು ಒದ್ದೆ ಬಾಣದ ಮೇಲೆ ಬ್ರೇಕ್ ಹಾಕಬೇಡಿ. ಚಕ್ರ ಜಾರುತ್ತದೆ.

ಹೆಜ್ಜೆ 4: ತಪ್ಪು ಲೇನ್‌ನಲ್ಲಿ ಸಿಕ್ಕಿಕೊಂಡರೆ

ಬಾಣ ಕರೆದುಕೊಂಡು ಹೋದ ಕಡೆಗೇ ಹೋಗಿ. ಇಷ್ಟೇ.

ಇದು ಸುಲಭದ ಮಾತು, ಮಾಡಲು ಮನಸ್ಸು ಒಪ್ಪುವುದಿಲ್ಲ. ಆಫೀಸಿಗೆ ತಡ ಆಗಿರುತ್ತದೆ, ಪಕ್ಕದಲ್ಲಿ ಕೂತವರು ‘ಅಯ್ಯೋ, ಬಲಕ್ಕೆ ಬಲಕ್ಕೆ’ ಅನ್ನುತ್ತಿರುತ್ತಾರೆ. ಸ್ಟಾಪ್ ಲೈನ್ ದಾಟಿ ಮೂತಿ ಓರೆ ಮಾಡಿ ನಿಲ್ಲಿಸಿಕೊಳ್ಳುವುದು, ಕೈ ಹೊರಗೆ ಹಾಕಿ ಪಕ್ಕದವರನ್ನು ತಡೆಯುವುದು, ಹಸಿರು ಬಂದ ಮೇಲೂ ಜಾಗಕ್ಕಾಗಿ ಕಾಯುತ್ತಾ ಹಿಂದಿನ ಸಾಲನ್ನೇ ನಿಲ್ಲಿಸುವುದು, ಎಲ್ಲವೂ ಆಗ ಶುರುವಾಗುತ್ತವೆ. ಸ್ಟಾಪ್ ಲೈನ್ ದಾಟಿದರೆ ಬೆಂಗಳೂರಿನ ದೊಡ್ಡ ಜಂಕ್ಷನ್‌ಗಳ ಕ್ಯಾಮೆರಾಗಳು ಫೋಟೊ ತೆಗೆಯುತ್ತವೆ, ಅದು ಬೇರೆ ಮಾತು. ಎಡಕ್ಕೆ ಹೋಗಿ, ಮುಂದೆ ಅನುಮತಿ ಇರುವ ಕಡೆ ಯೂ ಟರ್ನ್ ತೆಗೆದುಕೊಂಡು ಬನ್ನಿ. ನಾನು ಹೀಗೆ ಸುತ್ತಿ ಬಂದಾಗಲೆಲ್ಲ ಗಡಿಯಾರ ನೋಡಿದ್ದೇನೆ. ಐದು ನಿಮಿಷ ದಾಟಿದ್ದು ಅಪರೂಪ.

ಶಾರ್ಟ್‌ಕಟ್ ಅಂತ ಪೆಟ್ರೋಲ್ ಬಂಕ್ ಒಳಗೆ ನುಗ್ಗಿ ಆಚೆ ರಸ್ತೆಗೆ ಬರುವುದು, ಸ್ವಲ್ಪ ದೂರ ರಾಂಗ್ ಸೈಡಲ್ಲಿ ವಾಪಸ್ ಬರುವುದು ಬೇಡ. ಎದುರು ದಿಕ್ಕಿನಲ್ಲಿ ಓಡಿಸುವುದು ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಪ್ರಕಾರ ಅಪಾಯಕಾರಿ ಚಾಲನೆ. ಲೇನ್ ತಪ್ಪಿಗಿಂತ ಬಹಳ ದೊಡ್ಡ ಕೇಸ್.

ಹೆಜ್ಜೆ 5: ಬಾಣಕ್ಕಿಂತ ಮೇಲಿನವರು

ಪೊಲೀಸರು ಕೈ ತೋರಿಸಿದರೆ ಬಾಣ ಮರೆತು ಅವರು ಹೇಳಿದಂತೆ ಹೋಗಿ. ಆಂಬುಲೆನ್ಸ್ ಬಂದರೆ ದಾರಿ ಬಿಡಿ; ಬಿಡದಿದ್ದರೆ 194ಇ ಸೆಕ್ಷನ್‌ನಲ್ಲಿ 10,000 ರೂಪಾಯಿ ದಂಡ ಇದೆ. ಪಕ್ಕಕ್ಕೆ ಸರಿದವರು ಆಂಬುಲೆನ್ಸ್ ಬೆನ್ನು ಹತ್ತಿ ಹೋಗದೆ ತಮ್ಮ ಲೇನ್‌ಗೇ ವಾಪಸ್ ಬರಬೇಕು.

ಸ್ಕೂಟರ್, ಬೈಕಿನವರಿಗೆ

ಬಾಣ ನಿಮಗೂ ಅನ್ವಯಿಸುತ್ತದೆ. ಸಂದಿಯಲ್ಲಿ ನುಸುಳಿ ಎಡತುದಿಯಿಂದ ಮುಂದೆ ಬಂದು, ಹಸಿರು ಬಂದದ್ದೇ ಬಸ್ಸಿನ ಮೂತಿ ಮುಂದೆಯೇ ಬಲಕ್ಕೆ ಎಳೆಯುವವರನ್ನು ದಿನಾ ನೋಡುತ್ತೇನೆ. ಬಸ್ ಚಾಲಕರ ಸೀಟು ಎತ್ತರದಲ್ಲಿದೆ, ಬಂಪರ್‌ಗೆ ಅಂಟಿಕೊಂಡು ಎಡಮೂಲೆಯಲ್ಲಿ ನಿಂತವರು ಅವರಿಗೆ ಕಾಣುವುದಿಲ್ಲ. ಬಲಕ್ಕೆ ಹೋಗಬೇಕಾದರೆ ಬಲದ ಲೇನ್‌ನಲ್ಲೇ ನಿಲ್ಲಿ, ಕಾರಿನಂತೆ ಪೂರ್ತಿ ಜಾಗ ತೆಗೆದುಕೊಳ್ಳಿ. ಅದು ನಿಮ್ಮ ಹಕ್ಕು.

ಬಾಣವೇ ತಪ್ಪಾಗಿದ್ದರೆ

ಮೆಟ್ರೊ ಕೆಲಸಕ್ಕೆ ದಾರಿ ಬದಲಾಗಿರುತ್ತದೆ, ಹಳೆ ಬಾಣ ಅಳಿಸಿರುವುದಿಲ್ಲ. ಕೆಲವು ಕಡೆ ಏಕಮುಖ ರಸ್ತೆಯ ದಿಕ್ಕು ಬದಲಾದರೂ ನೆಲದ ಮೇಲಿನ ಬಾಣ ಹಾಗೇ ಇರುತ್ತದೆ. ಆಗ ಕಂಬದ ಮೇಲಿನ ಫಲಕ ಮತ್ತು ದೀಪ ನೋಡಿ ಹೋಗಿ. ಗಾಡಿ ಪಕ್ಕಕ್ಕೆ ನಿಲ್ಲಿಸಿ ಎರಡು ಫೋಟೊ ತೆಗೆಯಿರಿ: ಒಂದರಲ್ಲಿ ಬಾಣ, ಇನ್ನೊಂದರಲ್ಲಿ ಬಾಣ ಮತ್ತು ಫಲಕ ಎರಡೂ ಕಾಣಬೇಕು. ಜಂಕ್ಷನ್ ಹೆಸರು, ಯಾವ ಕಡೆಯಿಂದ ಬರುವ ರಸ್ತೆ, ದಿನಾಂಕ ಬರೆದು ಸಂಚಾರ ಪೊಲೀಸರಿಗೂ ಪಾಲಿಕೆಗೂ ಕಳಿಸಿ. ನಿಮಗೆ ತಪ್ಪಾಗಿ ದಂಡದ ನೋಟಿಸ್ ಬಂದರೆ ಇದೇ ಫೋಟೊ ಆಧಾರ. ಕಾರಿನ ಕ್ಯಾಮೆರಾ ನಂಬಿ ಫೋಟೊ ಬಿಡಬೇಡಿ. ಅಗ್ಗದ ಡ್ಯಾಶ್‌ಕ್ಯಾಮ್‌ಗಳಲ್ಲಿ ರಾತ್ರಿ ಹೊತ್ತು ಪಕ್ಕದ ಗಾಡಿಯ ನಂಬರ್ ಕೂಡ ಓದಲು ಆಗುವುದಿಲ್ಲ, ಇನ್ನು ಸವೆದ ಬಾಣ ಎಲ್ಲಿ ಕಂಡೀತು?

ಹೊಸದಾಗಿ ಕಲಿಯುತ್ತಿರುವವರಿಗೆ ನಾನು ಮಾಡಿಸುವ ಅಭ್ಯಾಸ ಒಂದಿದೆ. ಭಾನುವಾರ ಬೆಳಿಗ್ಗೆ ಆರೂವರೆಗೆ ಹೊರಡಿ, ಖಾಲಿ ರಸ್ತೆ. ಓಡಿಸುವವರು ಕಂಡ ಪ್ರತಿ ಬಾಣವನ್ನೂ ಗಟ್ಟಿಯಾಗಿ ಓದಬೇಕು: ‘ನೇರ’, ‘ನೇರ ಅಥವಾ ಎಡ’, ‘ಬಲ ಮಾತ್ರ’. ಪಕ್ಕದಲ್ಲಿ ಕೂತವರು ತಪ್ಪಿಹೋದದ್ದನ್ನು ಎಣಿಸಬೇಕು. ನನ್ನ ತಂಗಿ ಮಗಳು ಮೊದಲ ವಾರ ಒಂಬತ್ತು ಬಾಣ ತಪ್ಪಿಸಿದಳು. ಮೂರನೆಯ ವಾರ ಒಂದೇ, ಅದೂ ನಿಲ್ಲಿಸಿದ್ದ ಲಾರಿಯ ಕೆಳಗಿತ್ತು.