ಕುಂಡದ ನೊರಜಿಗೆ ಒಣ ಮರಳಿನ ಹೊದಿಕೆ

ಮನೆಯೊಳಗಿನ ಕುಂಡದ ಸುತ್ತ ಸಣ್ಣ ಕಪ್ಪು ನೊರಜು ಎದ್ದ ಕೂಡಲೇ ಈಗಿನವರು ಸೊಳ್ಳೆಗೆ ಹೊಡೆಯುವ ಸ್ಪ್ರೇ ತಂದು ಎಲೆಗಳಿಗೆಲ್ಲ ಸಿಂಪಡಿಸುತ್ತಾರೆ. ಎರಡು ದಿನ ನೊರಜು ಕಡಿಮೆಯಾದಂತೆ ಕಾಣುತ್ತದೆ, ಮೂರನೆಯ ದಿನ ಮತ್ತೆ ಅಷ್ಟೇ ಹಾಜರಾಗುತ್ತದೆ. ಆಮೇಲೆ ಅದೇ ಗಿಡಕ್ಕೆ ಇನ್ನೊಂದು ಚೊಂಬು ನೀರು ಸುರಿಯುತ್ತ, ‘ಅತ್ತೆ, ಏನು ಮಾಡಿದರೂ ಹೋಗುತ್ತಿಲ್ಲ’ ಎಂದು ದೂರುತ್ತಾರೆ. ಹೋಗುವುದಾದರೂ ಹೇಗೆ? ಹಾರುವ ಹುಳುವನ್ನು ಅಟ್ಟುತ್ತ, ಅದರ ಸಂತಾನಕ್ಕೆ ಬೇಕಾದ ತೇವವನ್ನು ದಿನವೂ ತಾವೇ ಒದಗಿಸುತ್ತಿದ್ದಾರೆ. ಎಷ್ಟೋ ಮನೆಗಳಲ್ಲಿ ಇದನ್ನೇ ನೋಡಿ ಸಾಕಾಗಿ ಈ ಬರಹ ಬರೆಯುತ್ತಿದ್ದೇನೆ.

ಈ ನೊರಜಿಗೆ ಎಲೆ ಬೇಕಿಲ್ಲ, ಮಣ್ಣು ಬೇಕು. ಹೆಣ್ಣು ನೊರಜು ಬದುಕುವುದು ಹೆಚ್ಚೆಂದರೆ ಒಂದು ವಾರ, ಹತ್ತು ದಿನ. ಅಷ್ಟರೊಳಗೆ ಒದ್ದೆ ಮಣ್ಣಿನ ಮೇಲ್ಪದರದಲ್ಲಿ ನೂರಕ್ಕೂ ಹೆಚ್ಚು ಮೊಟ್ಟೆಗಳನ್ನು ಇಡಬಲ್ಲದು. ಮೊಟ್ಟೆಯಿಂದ ಹೊರಬರುವ ಮರಿಹುಳು ಗಾಜಿನಂತೆ ಬೆಳ್ಳಗಿದ್ದು, ತಲೆ ಮಾತ್ರ ಕಪ್ಪಾಗಿರುತ್ತದೆ. ಅದು ಸುಮಾರು ಎರಡು ವಾರ ಮಣ್ಣಿನ ಮೇಲಿನ ಎರಡು ಮೂರು ಅಂಗುಲಗಳಲ್ಲೇ ಇದ್ದು, ಬೂಷ್ಟನ್ನೂ ಕೊಳೆತ ಎಲೆಕಡ್ಡಿಯನ್ನೂ ತಿಂದು, ಅದು ಸಾಲದಿದ್ದರೆ ಗಿಡದ ಎಳೆಯ ಬೇರುಗಳಿಗೂ ಬಾಯಿ ಹಾಕುತ್ತದೆ. ಮೊಟ್ಟೆಯಿಂದ ಹಾರುವ ಹುಳುವಾಗುವವರೆಗೆ ಮೂರು ನಾಲ್ಕು ವಾರ ಹಿಡಿಯುತ್ತದೆ. ಆದ್ದರಿಂದ ಯಾವ ಉಪಾಯವನ್ನೇ ಮಾಡಿದರೂ ಒಂದು ತಿಂಗಳಾದರೂ ಬಿಡದೆ ಮಾಡಬೇಕು. ನಾಲ್ಕು ದಿನ ಮಾಡಿ ಕೈಬಿಡುವವರು ಆರಂಭಿಸದಿರುವುದೇ ಲೇಸು.

ಮೊದಲು ನೀರಿನ ವಿಷಯ. ಬೆಂಗಳೂರಿನಂಥ ಊರಿನಲ್ಲಿ ಜೂನ್ ತಿಂಗಳಿನಿಂದ ಮೋಡ ಕವಿದ ಮೇಲೆ ಮನೆಯೊಳಗಿನ ಮಣ್ಣು ಬೇಗ ಆರುವುದೇ ಇಲ್ಲ. ಆದರೂ ಏಪ್ರಿಲ್ ತಿಂಗಳಿನಲ್ಲಿ ಹಾಕಿದಷ್ಟೇ ನೀರನ್ನು ಆಗಲೂ ಹಾಕುತ್ತಾರೆ. ಬೆಳಿಗ್ಗೆ ಕೆಲಸದವಳು ಒಮ್ಮೆ, ಸಂಜೆ ಮನೆಯೊಡತಿ ಇನ್ನೊಮ್ಮೆ ಹಾಕುವ ಮನೆಗಳೂ ಉಂಟು. ತೀರ್ಥಹಳ್ಳಿಯ ಕಡೆಯ ನಮ್ಮ ತವರಿನಲ್ಲಿ ಜಗಲಿಯ ಉದ್ದಕ್ಕೂ ಮಣ್ಣಿನ ಕುಂಡಗಳಿದ್ದವು. ಅಮ್ಮ ಬೆರಳ ಗೆಣ್ಣಿನಿಂದ ಕುಂಡದ ಹೊಟ್ಟೆಗೆ ತಟ್ಟಿ ಕಿವಿಗೊಟ್ಟು ಕೇಳುತ್ತಿದ್ದಳು. ಠಣ್ ಎಂದರೆ ಮಣ್ಣು ಒಣಗಿದೆ, ನೀರು ಬೇಕು. ದಬ್ ಎಂದರೆ ಇನ್ನೂ ಒದ್ದೆ, ಮುಂದಿನ ಕುಂಡಕ್ಕೆ ಹೋಗು. ಇಂದಿನ ಪ್ಲಾಸ್ಟಿಕ್ ಕುಂಡಗಳು ಹೀಗೆ ಮಾತಾಡುವುದಿಲ್ಲವಾದ್ದರಿಂದ ಅವನ್ನು ಎತ್ತಿ ಭಾರ ನೋಡಬೇಕು, ಇಲ್ಲವೇ ಬೆರಳಿನ ಎರಡನೆಯ ಗೆಣ್ಣಿನವರೆಗೆ ಮಣ್ಣಿಗೆ ಚುಚ್ಚಿ ನೋಡಬೇಕು. ಉಗುರಿಗೆ ಮಣ್ಣಾಗುತ್ತದೆಂದು ಹಿಂಜರಿಯುವವರು ಗಿಡ ಸಾಕುವುದು ಏಕೆ?

ಮಣ್ಣಿನ ಮೇಲೆ ಅಡುಗೆಮನೆಯ ಕಸ ಸುರಿಯುವುದನ್ನೂ ನಿಲ್ಲಿಸಬೇಕು. ಅಕ್ಕಿ ತೊಳೆದ ನೀರು, ಚಹಾದ ಚರಟ, ಪೂರ್ತಿ ಕಳಿಯದ ಸಗಣಿ ಗೊಬ್ಬರ, ಇವೆಲ್ಲ ಅಂಗಳದ ಗಿಡಕ್ಕೆ ಒಳ್ಳೆಯವೇ ಇರಬಹುದು. ಗಾಳಿ ಬಿಸಿಲು ಕಾಣದ ಮೂಲೆಯ ಕುಂಡದಲ್ಲಿ ಅವು ಬೂಷ್ಟು ಹಿಡಿದು ನೊರಜಿನ ಮರಿಗಳಿಗೆ ಊಟವಾಗುತ್ತವೆ.

ಇನ್ನು ನಾನು ಬಲವಾಗಿ ನೆಚ್ಚಿರುವ ಉಪಾಯವನ್ನು ಹೇಳುತ್ತೇನೆ. ಕುಂಡದ ಮಣ್ಣಿಗೆ ದಪ್ಪ ಮರಳಿನ ಹೊದಿಕೆ ಹಾಕಬೇಕು. ‘ಹಾಕಿ ನೋಡಿದೆವು, ಏನೂ ಪ್ರಯೋಜನವಾಗಲಿಲ್ಲ’ ಎನ್ನುವವರ ಮನೆಗೆ ಹೋಗಿ ನೋಡಿದರೆ, ಪಕ್ಕದಲ್ಲಿ ಕಟ್ಟುತ್ತಿರುವ ಮನೆಯ ಮುಂದಿನ ರಾಶಿಯಿಂದ ಹಿಡಿ ಎಂ ಸ್ಯಾಂಡ್ ತಂದು, ತೊಳೆಯದೆ, ಜರಡಿ ಹಿಡಿಯದೆ ಉದುರಿಸಿರುತ್ತಾರೆ. ಅದು ಕಲ್ಲು ಪುಡಿಮಾಡಿ ತಯಾರಿಸಿದ ಮರಳು. ಅದರ ಹುಡಿ ನೀರು ಸೋಕಿದೊಡನೆ ಹೆಪ್ಪುಗಟ್ಟಿ ಗಾರೆಯ ಹಾಗೆ ಕೂರುತ್ತದೆ. ಅದಕ್ಕಿಂತ ಮುಖ್ಯವಾಗಿ, ನಯವಾದ ಮರಳು ಕೆಳಗಿನ ಮಣ್ಣಿನ ತೇವವನ್ನು ಮೇಲಕ್ಕೆ ಹೀರಿಕೊಳ್ಳುತ್ತದೆ. ದಪ್ಪ ಮರಳಿನ ಕಾಳುಗಳ ನಡುವೆ ಸಂದು ದೊಡ್ಡದಿರುವುದರಿಂದ ನೀರು ಹಾಗೆ ಹತ್ತಲಾರದು, ಮೇಲ್ಮೈ ಒಣಗಿಯೇ ಇರುತ್ತದೆ. ಮೊಟ್ಟೆಯಿಡಲು ಬಂದ ನೊರಜಿಗೆ ಅಲ್ಲಿ ತೇವ ಸಿಗುವುದಿಲ್ಲ, ಕೆಳಗೆ ಹುಟ್ಟಿದ್ದಕ್ಕೆ ಮೇಲೆ ಬರುವ ದಾರಿಯೂ ಸುಲಭವಾಗಿರುವುದಿಲ್ಲ.

ಆದ್ದರಿಂದ ಮರಳನ್ನು ಮೊದಲು ರವೆಯ ಜರಡಿಯಲ್ಲಿ ಹಿಡಿದು, ಕೆಳಗೆ ಬಿದ್ದದ್ದನ್ನು ಚೆಲ್ಲಿ, ಮೇಲೆ ಉಳಿದದ್ದನ್ನು ಮಾತ್ರ ಇಟ್ಟುಕೊಳ್ಳಿ. ಆ ಜರಡಿ ಮತ್ತೆ ಅಡುಗೆಮನೆಗೆ ಬರಬಾರದು, ಹಳೆಯದನ್ನು ಇದಕ್ಕೆಂದೇ ಎತ್ತಿಡಿ. ಬಕೆಟ್ಟಿನಲ್ಲಿ ಮರಳಿಗೆ ನೀರು ಹಾಕಿ ಕೈಯಿಂದ ಕಲಕಿ ಬಗ್ಗಿಸುತ್ತ, ಬಗ್ಗಿಸಿದ ನೀರು ತಿಳಿಯಾಗುವವರೆಗೆ ತೊಳೆಯಿರಿ. ಆಮೇಲೆ ಹಳೆಯ ಬಟ್ಟೆಯ ಮೇಲೆ ತೆಳ್ಳಗೆ ಹರಡಿ ಬಿಸಿಲಿಗೆ ಒಣಗಿಸಬೇಕು. ಮುಷ್ಟಿಯಲ್ಲಿ ಹಿಡಿದರೆ ಬೆರಳ ಸಂದಿನಿಂದ ತಾನಾಗಿ ಜಾರಿಹೋಗಬೇಕು, ಅಂಗೈಗೆ ಒಂದು ಕಾಳೂ ಅಂಟಬಾರದು. ಮಳೆಗಾಲದಲ್ಲಿ ಬಿಸಿಲಿಲ್ಲದಿದ್ದರೆ ಹಳೆಯ ಕಬ್ಬಿಣದ ಬಾಣಲೆಯಲ್ಲಿ ಹುರಿದುಬಿಡಿ, ಆದರೆ ಪೂರ್ತಿ ಆರುವ ಮೊದಲು ಅದನ್ನು ಮುಟ್ಟಬೇಡಿ. ಈ ಆತುರವನ್ನು ನಾನು ಅಡುಗೆಮನೆಯಲ್ಲೂ ಕಂಡಿದ್ದೇನೆ: ಹುರಿದ ರವೆಯನ್ನು ಬಿಸಿಯಿರುವಾಗಲೇ ಡಬ್ಬಿಗೆ ತುಂಬಿ ಮುಚ್ಚಳ ಬಿಗಿಯುತ್ತಾರೆ, ಒಳಗೆ ಬೆವರಿ ರವೆ ಮುಗ್ಗಲು ಹಿಡಿದರೆ ಅಂಗಡಿಯವನನ್ನು ಬೈಯುತ್ತಾರೆ.

ಮರಳು ಸಿದ್ಧವಾಗುವಷ್ಟರಲ್ಲಿ ಕುಂಡದ ಮೇಲ್ಮಣ್ಣನ್ನು ಎರಡು ಬೆರಳಿನ ಆಳದಷ್ಟು ಕೆರೆದು ತೆಗೆದು, ಚೀಲದಲ್ಲಿ ಕಟ್ಟಿ ಹೊರಗೆ ಹಾಕಿ; ಪಕ್ಕದ ಕುಂಡಕ್ಕೆ ಸುರಿಯಬೇಡಿ. ಉಳಿದ ಮಣ್ಣನ್ನು ಕೆಲವು ದಿನ ಒಣಗಲು ಬಿಡಿ. ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್, ದೊಡ್ಡಪತ್ರೆ ಇದನ್ನು ಧಾರಾಳವಾಗಿ ತಾಳಿಕೊಳ್ಳುತ್ತವೆ. ಎಲೆ ಬೇಗ ಬಾಡುವ ಗಿಡವಾದರೆ ಕಣ್ಣಿಟ್ಟಿರಿ. ಬಳಿಕ ಹೆಬ್ಬೆರಳಿನ ಅಗಲದಷ್ಟು ದಪ್ಪಕ್ಕೆ ಮರಳು ಹರಡಿ. ಎಲ್ಲರೂ ನಡುವೆ ಚೆನ್ನಾಗಿ ಹರಡಿ ಎರಡು ಜಾಗಗಳನ್ನು ಮರೆಯುತ್ತಾರೆ: ಒಂದು ಕಾಂಡದ ಬುಡ, ಇನ್ನೊಂದು ಕುಂಡದ ಅಂಚು. ನೊರಜು ಹುಡುಕುವುದು ಆ ಸಂದುಗಳನ್ನೇ. ಕಾಗದವನ್ನು ಕೊಟ್ಟೆಯಂತೆ ಸುತ್ತಿ ಅದರ ತುದಿಯಿಂದ ಬುಡದ ಸುತ್ತ ಸಣ್ಣಗೆ ಸುರಿದು, ಬೆರಳಿನಿಂದ ಮೆಲ್ಲನೆ ಒತ್ತಬೇಕು. ಅಂಚಿನಲ್ಲೂ ಹಾಗೆಯೇ. ಕುಂಡದ ತಳದ ತೂತಿನಿಂದಲೂ ನೊರಜು ಒಳಸೇರುವುದರಿಂದ, ಅಲ್ಲಿಗೆ ತೆಳುವಾದ ಹಳೆಯ ಸೊಳ್ಳೆಪರದೆಯ ತುಂಡು ಕಟ್ಟಿದರೆ ನೀರು ಇಳಿಯುವುದಕ್ಕೂ ಅಡ್ಡಿಯಿಲ್ಲ.

ಇಷ್ಟೆಲ್ಲ ಮಾಡಿ ಮೇಲಿನಿಂದ ನೀರು ಹುಯ್ದರೆ ಶ್ರಮ ಹಾಳು. ಇನ್ನು ಮುಂದೆ ಬೋಗುಣಿಯಲ್ಲಿ ನಾಲ್ಕು ಬೆರಳು ನೀರು ತುಂಬಿ, ಕುಂಡವನ್ನು ಅದರಲ್ಲಿ ಅರ್ಧ ಗಂಟೆ ಕೂರಿಸಿ ತೆಗೆದು, ನೀರು ಸೋರಿದ ಮೇಲೆ ಜಾಗಕ್ಕಿಡಿ. ತಟ್ಟೆಯಲ್ಲಿ ಉಳಿದ ನೀರನ್ನು ಅಂದೇ ಚೆಲ್ಲಬೇಕು. ಡೆಂಗಿ ಹರಡುವ ಸೊಳ್ಳೆ ಮರಿಯಿಡುವುದು ಇಂಥ ತಿಳಿನೀರಿನಲ್ಲೇ. ಕೊಳವೆಬಾವಿಯ ಗಡಸು ನೀರು ಬಳಸುವವರ ಮಣ್ಣಿನಲ್ಲಿ ಬರಬರುತ್ತ ಉಪ್ಪು ಕೂಡಿಕೊಳ್ಳುವುದರಿಂದ, ಎರಡು ಮೂರು ತಿಂಗಳಿಗೊಮ್ಮೆ ಮರಳು ಬಳಿದು ತೆಗೆದು, ಮೇಲಿನಿಂದ ಧಾರಾಳವಾಗಿ ನೀರು ಬಿಟ್ಟು, ಮಣ್ಣು ಆರಿದ ಮೇಲೆ ಒಣ ಮರಳನ್ನು ಮರಳಿ ಹಾಕಬೇಕು.

ಈಗಾಗಲೇ ಹಾರುತ್ತಿರುವವುಗಳಿಗೆ ಹಳದಿ ರಟ್ಟಿನ ತುಂಡಿಗೆ ಹರಳೆಣ್ಣೆ ಸವರಿ ಮಣ್ಣಿನ ಹತ್ತಿರ ಮಲಗಿಸಿಡಿ. ಕಿಟಕಿಗೆ ತೂಗುಹಾಕಿದರೆ ನೋಡಲು ಚೆಂದವೇ ಹೊರತು ಹೆಚ್ಚು ನೊರಜು ಬೀಳುವುದಿಲ್ಲ. ವಿನೆಗರ್ ತುಂಬಿದ ಲೋಟವನ್ನು ಕುಂಡದ ಪಕ್ಕ ಇಡುವವರಿಗೆ ಹೇಳುವುದಿಷ್ಟೇ: ಅದು ಬಾಳೆಹಣ್ಣಿನ ಬುಟ್ಟಿಗೆ ಮುತ್ತುವ ಕೆಂಗಣ್ಣಿನ ನೊಣಕ್ಕೆ ತಕ್ಕ ಉಪಾಯ. ಬೇವಿನೆಣ್ಣೆ ಹಾಕುವುದಾದರೆ ಅಂಟುವಾಳದ ನೊರೆಯಲ್ಲಿ ಚೆನ್ನಾಗಿ ಕದಡಿ ಮಣ್ಣಿಗೆ ಹಾಕಿ. ಬರಿಯ ನೀರಿಗೆ ತೊಟ್ಟಿಕ್ಕಿದರೆ ಎಣ್ಣೆ ತೇಲಿ ಒಂದೆಡೆ ನಿಲ್ಲುತ್ತದೆ. ಬೇವಿನ ಹಿಂಡಿಯನ್ನು ಕುಂಡ ಬದಲಿಸುವಾಗ ಮಣ್ಣಿನೊಳಗೆ ಬೆರೆಸಬೇಕು. ಅದನ್ನೇ ಒದ್ದೆ ಮಣ್ಣಿನ ಮೇಲೆ ಉದುರಿಸಿದರೆ ಹಿಂಡಿಗೇ ಬೂಷ್ಟು ಬರುತ್ತದೆ.

ಮರಿಹುಳು ಉಳಿದಿದೆಯೇ ಎಂಬ ಅನುಮಾನವಿದ್ದರೆ ಒಂದು ಕಡೆ ಮರಳು ಸರಿಸಿ, ಆಲೂಗಡ್ಡೆಯ ಬಿಲ್ಲೆಯನ್ನು ಮಣ್ಣಿಗೆ ಒತ್ತಿಟ್ಟು ಎರಡು ದಿನ ಬಿಟ್ಟು ಮಗುಚಿ ನೋಡಿ. ಇದ್ದರೆ ಅದಕ್ಕೆ ಕಚ್ಚಿಕೊಂಡಿರುತ್ತವೆ, ಬಿಲ್ಲೆಯ ಸಮೇತ ಎಸೆಯಿರಿ. ನರ್ಸರಿಯಿಂದ ಹೊಸ ಗಿಡ ತಂದಾಗಲೂ ಇದೇ ಪರೀಕ್ಷೆ ಮಾಡಬೇಕು. ಅಲ್ಲಿ ತೆಂಗಿನ ನಾರಿನ ಹುಡಿಯಲ್ಲಿ ಬೆಳೆಸಿ ದಿನವೂ ನೀರು ಹೊಡೆದಿರುತ್ತಾರೆ, ನೊರಜು ಅದರೊಂದಿಗೇ ಮನೆಗೆ ಬರುತ್ತದೆ. ಅಂಥ ಗಿಡ ಮೂರು ನಾಲ್ಕು ವಾರ ಬಾಲ್ಕನಿಯಲ್ಲಿ ಒಂಟಿಯಾಗಿರಲಿ. ನೊರಜಿಲ್ಲವೆಂದು ಖಚಿತವಾದ ಮೇಲೆ ಒಳಗೆ ತನ್ನಿ.