ಸೆಟ್ಟು ಕೈಯಲ್ಲಿದ್ದರೆ ನೆಟ್ಟು ಬೇಡ: ಓಪನ್‌ಬಿಎಸ್‌ಡಿ ಹಾಕಿದ ನನ್ನ ಅನುಭವ

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಸುತ್ತ ನಾನು ಹಾಕಿಕೊಟ್ಟ ಓಪನ್‌ಬಿಎಸ್‌ಡಿ (ಒಂದು ಮುಕ್ತ ಆಪರೇಟಿಂಗ್ ಸಿಸ್ಟಂ) ಪೆಟ್ಟಿಗೆಗಳು ಈಗ ಹತ್ತಿಪ್ಪತ್ತು ಕಡೆ ಓಡುತ್ತಿವೆ. ಗ್ರಂಥಾಲಯ, ಡಿಟಿಪಿ ಅಂಗಡಿ, ಅಡಿಕೆ ವ್ಯಾಪಾರದವರ ಆಫೀಸು, ಹೀಗೆ. ಹೆಚ್ಚಿನವು ರೌಟರ್ ಮತ್ತು ಫೈರ್‌ವಾಲ್ ಕೆಲಸಕ್ಕೆ. ಎಲ್ಲವನ್ನೂ ಸೆಟ್ ಫೈಲುಗಳಿಂದಲೇ (ಸಿಸ್ಟಂನ ಒಂದೊಂದು ಭಾಗವನ್ನು ಕಟ್ಟಿಟ್ಟ ಗಂಟುಗಳು) ಹಾಕಿದ್ದು, ಹಾಕುವಾಗ ಆ ಜಾಗದ ಇಂಟರ್ನೆಟ್ ಮುಟ್ಟಲೇ ಇಲ್ಲ. "ಇದೆಲ್ಲ ನಮ್ಮ ಊರಿಗೆ ಆಗುವುದಲ್ಲ" ಅಂದವರೇ ಈಗ ಫೋನ್ ಮಾಡಿ ಕೇಳುತ್ತಾರೆ. ಅದಕ್ಕೆ ಬರೆಯುತ್ತಿದ್ದೇನೆ. ಪಾರ್ಟಿಶನ್ ಅಂದರೇನು, ಪಿಎಫ್ ಅಂದರೇನು ಅಂತ ಇಲ್ಲಿ ಹೇಳುವುದಿಲ್ಲ. ಸಿಸ್ಟಂ ಜೊತೆಗೇ ಬರುವ ಕೈಪಿಡಿ, ಮ್ಯಾನ್ ಪೇಜ್, ಇದೆ, ಅದಕ್ಕಿಂತ ಚೆನ್ನಾಗಿ ಯಾರೂ ಬರೆದಿಲ್ಲ.

ಮೊದಲು ನೆಟ್ ಇನ್‌ಸ್ಟಾಲ್ ವಿಷಯ. ಎಲ್ಲರೂ ಹೇಳುವ ದಾರಿ ಅದೇ, ಅಲ್ವಾ? ಸಣ್ಣ ಇಮೇಜಿನಿಂದ ಬೂಟ್ ಮಾಡು, ಎಚ್‌ಟಿಟಿಪಿ ಅಂತ ಆರಿಸು, ಸೆಟ್‌ಗಳು ತಾನಾಗಿ ಇಳಿದು ಬರುತ್ತವೆ. ನಮ್ಮಲ್ಲಿ ಆಟಿಯ ಮಳೆಗೆ ಅದು ನಡೆಯುವ ಮಾತಲ್ಲ. ಮುಖ್ಯವಾದ ಬೇಸ್ ಸೆಟ್ ಒಂದೇ ಮುನ್ನೂರು ಎಂಬಿ ಮೀರುತ್ತದೆ. ಅದು ಅರ್ಧ ಇಳಿಯುವಷ್ಟರಲ್ಲಿ ಲೈನ್ ಹೋಗುತ್ತದೆ, ಇಲ್ಲವಾದರೆ ಕರೆಂಟು ಹೋಗುತ್ತದೆ, ಮತ್ತೆ ಮೊದಲಿನಿಂದ ಶುರು. ಪೆರ್ಲದ ಹತ್ತಿರದ ಒಂದು ಗ್ರಂಥಾಲಯದಲ್ಲಿ ಬೆಳಿಗ್ಗೆ ಕೂತವನು ಸಂಜೆಯಾದರೂ ಎದ್ದಿರಲಿಲ್ಲ. ಹಾಟ್‌ಸ್ಪಾಟ್ ಹಾಕಿ ನನ್ನ ದಿನದ ಡೇಟಾ ಮುಗಿಯಿತು. ಅಲ್ಲಿನ ಮಾಷ್ಟ್ರು ಬಂದು ಪರದೆ ನೋಡಿ, "ಎಂತ ಮಾರಾಯ್ರೇ, ಚಿತ್ರವೂ ಇಲ್ಲ, ಎಂತದೂ ಇಲ್ಲ. ನಮ್ಮ ಮಕ್ಕಳು ಶಾಲೆಯಲ್ಲಿ ಉಬುಂಟು ಕಲಿತವರು, ಅದನ್ನೇ ಹಾಕಿ ಬಿಡಿ" ಅಂದರು. ತಪ್ಪಲ್ಲ. ಇಲ್ಲಿ ಶಾಲೆಗಳಲ್ಲೆಲ್ಲ ಮುಕ್ತ ತಂತ್ರಾಂಶವೇ, ಮಕ್ಕಳ ಕೈ ಅದಕ್ಕೆ ಹೊಂದಿದೆ. ಆದರೆ ನನಗೆ ಬೇಕಾಗಿದ್ದದ್ದು ಮೇಜಿನ ಕಂಪ್ಯೂಟರ್ ಅಲ್ಲ, ಮೂಲೆಯಲ್ಲಿ ಕೂತು ವರ್ಷಗಟ್ಟಲೆ ಓಡುವ ಪೆಟ್ಟಿಗೆ. ಫೈರ್‌ವಾಲ್ ಆಗುವ ಪಿಎಫ್, ಸೈಟಿನ ಹೆಸರು ಹುಡುಕುವ ಅನ್‌ಬೌಂಡ್, ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರ್, ದೂರದಿಂದ ಒಳಹೋಗುವ ಎಸ್‌ಎಸ್‌ಎಚ್, ಗಡಿಯಾರ ಸರಿಮಾಡುವ ಎನ್‌ಟಿಪಿ ಎಲ್ಲ ಬೇಸ್ ಸೆಟ್‌ನ ಒಳಗೇ ಇವೆ. ಒಂದು ಪ್ಯಾಕೇಜ್ ಕೂಡ ಹಾಕದೆ ರೌಟರ್ ತಯಾರು. ಇದಕ್ಕೇ ನಾನು ಹಠ ಹಿಡಿದದ್ದು.

ಆಮೇಲೆ ಮಾಡಿದ್ದು ಇಷ್ಟು. ಮಂಗಳೂರಲ್ಲಿ ಗೆಳೆಯನ ರೂಮಿನ ಒಳ್ಳೆಯ ಲೈನಿನಲ್ಲಿ ಎಎಂಡಿ64 (ಸಾಮಾನ್ಯ 64 ಬಿಟ್ ಪಿಸಿಗಳ) ಫೋಲ್ಡರ್ ಪೂರ್ತಿ ಇಳಿಸಿಕೊಂಡೆ. ಆಗ 7.6 ಬಂದಿತ್ತು, 2024ರ ಅಕ್ಟೋಬರಿನದ್ದು. ಬೇಸ್76, ಕಾಂಪ್76 (ಕಂಪೈಲರ್), ಮ್ಯಾನ್76, ಗೇಮ್76, ಎಕ್ಸ್‌ನ (ಪರದೆಯ ಮೇಲೆ ಕಿಟಕಿ, ಚಿತ್ರ ತೋರಿಸುವ ಭಾಗ) ನಾಲ್ಕು ಸೆಟ್, ಮೂರು ಕರ್ನಲ್ (ಸಿಸ್ಟಂನ ತಿರುಳು), ಎಲ್ಲ ಸೇರಿ ಆರೇಳುನೂರು ಎಂಬಿ. ಜೊತೆಗೆ ಎಸ್‌ಎಚ್‌ಎ256.ಸಿಗ್ ಫೈಲ್, ಅಂದರೆ ಸೆಟ್‌ಗಳ ಚೆಕ್‌ಸಮ್ ಮತ್ತು ಓಪನ್‌ಬಿಎಸ್‌ಡಿಯವರ ಸಹಿ ಇರುವುದು. ಇದನ್ನು ಮಾತ್ರ ಬಿಡಬೇಡಿ.

ಯಾಕೆ ಅಂದರೆ, ಎಲ್ಲರೂ ಬಳಸುವ ದೊಡ್ಡ ಇನ್‌ಸ್ಟಾಲ್ ಇಮೇಜಿನಲ್ಲಿ ಸೆಟ್‌ಗಳು ಇರುತ್ತವೆ, ಸಹಿಯ ಫೈಲ್ ಇರುವುದಿಲ್ಲ. ಇನ್‌ಸ್ಟಾಲರ್ "ಸಿಗ್ ಫೈಲ್ ಇಲ್ಲ, ಪರಿಶೀಲಿಸದೆ ಮುಂದುವರಿಯಲಾ?" ಅಂತ ಕೇಳುತ್ತದೆ, ನಾವು ಯೆಸ್ ಅಂತ ಒತ್ತಿ ಮುಂದೆ ಹೋಗುತ್ತೇವೆ. ಇಮೇಜನ್ನು ಮೊದಲೇ ಪರೀಕ್ಷೆ ಮಾಡಿಟ್ಟಿದ್ದರೆ ತೊಂದರೆ ಇಲ್ಲ. ಆದರೆ ಪೆನ್‌ಡ್ರೈವ್‌ಗೆ ಬರೆದ ಮೇಲೆ ಅದರೊಳಗೆ ಏನಾಯಿತು ಅಂತ ಯಾರು ನೋಡುತ್ತಾರೆ? ನಾನು ಬೇರೆ ದಾರಿ ಹಿಡಿದೆ. ಬೂಟ್ ಮಾಡಲಿಕ್ಕೆ ಸಣ್ಣ ಮಿನಿರೂಟ್ ಇಮೇಜ್, ಕೆಲವೇ ಎಂಬಿ, ಒಂದು ಹಳೆಯ ಪೆನ್‌ಡ್ರೈವ್‌ನಲ್ಲಿ. ಇನ್ನೊಂದು ಸಾದಾ ಫ್ಯಾಟ್ ಫಾರ್ಮ್ಯಾಟಿನ ಪೆನ್‌ಡ್ರೈವ್‌ನಲ್ಲಿ ಸೆಟ್‌ಗಳು ಮತ್ತು ಸಿಗ್ ಫೈಲ್. ಇನ್‌ಸ್ಟಾಲರ್ ಸೆಟ್ ಎಲ್ಲಿದೆ ಅಂತ ಕೇಳಿದಾಗ ಡಿಸ್ಕ್ ಅನ್ನಬೇಕು, ಮೌಂಟ್ ಆಗಿದೆಯಾ ಅಂದರೆ ನೋ. ಫ್ಯಾಟ್ ಡ್ರೈವ್ ಆದರೆ ಅದರ ಪಾರ್ಟಿಶನ್ "ಐ" ಅಂತ ಕಾಣಿಸುತ್ತದೆ, "ಎ" ಅಲ್ಲ. ತುಂಬಾ ಜನ ಇಲ್ಲೇ ನಿಲ್ಲುತ್ತಾರೆ. ಸಹಿ ನೋಡುವ ಕೀಲಿ ಬೂಟ್ ಆದ ರ‍್ಯಾಮ್‌ಡಿಸ್ಕ್‌ನಲ್ಲೇ ಇದೆ. ಪ್ರತಿಯೊಂದು ಸೆಟ್ ಬಿಚ್ಚುವ ಮೊದಲು ಅಲ್ಲಿಯೇ, ಆ ಯಂತ್ರದಲ್ಲೇ ಪರೀಕ್ಷೆ ಆಗುತ್ತದೆ.

"ಒಂದು ಕೆಲಸಕ್ಕೆ ಎರಡು ಪೆನ್‌ಡ್ರೈವ್ ಯಾಕೆ?" ಅಂತ ಇದೇ ಕೆಲಸದಲ್ಲಿರುವ ಗೆಳೆಯನೊಬ್ಬ ವಾದ ಮಾಡಿದ್ದ. ಅವನೇ ತಂದುಕೊಟ್ಟ, ಸಂತೆಯಲ್ಲಿ ಇನ್ನೂರೈವತ್ತು ರೂಪಾಯಿಗೆ ಸಿಕ್ಕಿದ 64 ಜಿಬಿ ಡ್ರೈವ್‌ನಲ್ಲಿ ಕಾಂಪ್76 ಬಿಚ್ಚುವಾಗ ಚೆಕ್‌ಸಮ್ ಫೇಲ್ ಅಂತ ಬಂತು. ಮತ್ತೆ ಮಾಡಿದರೂ ಅದೇ ಸೆಟ್‌ಗೆ ಅದೇ ಮಾತು. ಮನೆಗೆ ತಂದು ತುಂಬಿಸಿ ನೋಡಿದರೆ ಆ ಡ್ರೈವ್‌ನಲ್ಲಿ ನಿಜಕ್ಕೂ ಇದ್ದದ್ದು ಏಳೆಂಟು ಜಿಬಿ ಜಾಗ. ಪ್ಯಾಕೇಜ್‌ಗಳನ್ನೂ ಅದರಲ್ಲೇ ತುಂಬಿಸಿದ್ದರಿಂದ ಕೊನೆಗೆ ಬರೆದ ಫೈಲುಗಳು ಹಾಳಾಗಿದ್ದವು. ಪರಿಶೀಲನೆ ಇಲ್ಲದೆ ಹೋಗಿದ್ದರೆ ಅದು ಇನ್‌ಸ್ಟಾಲ್ ಆಗಿ, ತಿಂಗಳ ನಂತರ ಎಲ್ಲೋ ಕೈಕೊಡುತ್ತಿತ್ತು.

ಇದರಿಂದ ಸಿಕ್ಕಿದ ಒಂದು ಲೆಕ್ಕ ಹೇಳುತ್ತೇನೆ. ಪ್ರತಿ ಸಲ ಅದೇ ಸೆಟ್ ಫೇಲ್ ಆದರೆ ಪೆನ್‌ಡ್ರೈವ್ ಹಾಳು. ಒಂದು ಸಲ ಬೇಸ್, ಇನ್ನೊಂದು ಸಲ ಎಕ್ಸ್‌ಬೇಸ್, ಮತ್ತೊಂದು ಸಲ ಎಲ್ಲ ಸರಿ, ಹೀಗೆ ಬದಲಾದರೆ ರ‍್ಯಾಮ್ ನೋಡಿ. ಒಂದು ಹಳೆಯ ಕೋರ್ 2 ಡ್ಯುಯೋದಲ್ಲಿ ಹಾಗೇ ಆಗಿ ಮೆಮ್‌ಟೆಸ್ಟ್ ಹಾಕಿದರೆ ಪರದೆ ತುಂಬಾ ಕೆಂಪು. ಎರಡು ಜಿಬಿ ಸ್ಟಿಕ್ ಬದಲಿಸಿದೆ, ಸೆಕೆಂಡ್ ಹ್ಯಾಂಡ್, ಮುನ್ನೂರು ರೂಪಾಯಿ.

ದುಡ್ಡಿನ ವಿಷಯಕ್ಕೆ ಬರುತ್ತೇನೆ, ಎಲ್ಲರೂ ಕೇಳುವುದು ಅದನ್ನೇ. ಹೊರಗಿನವರೊಬ್ಬರು ಆ ಗ್ರಂಥಾಲಯಕ್ಕೆ ಫೈರ್‌ವಾಲ್ ಅಂತ ಹದಿನೆಂಟು ಸಾವಿರದ ಕೊಟೇಶನ್ ಕೊಟ್ಟಿದ್ದರು, ಮೇಲಿಂದ ವರ್ಷ ವರ್ಷ ಲೈಸೆನ್ಸ್. ನಾನು ಮೊದಲು ಎರಡೂವರೆ ಸಾವಿರದ ಹಳೆಯ ಡೆಸ್ಕ್‌ಟಾಪ್ ಇಟ್ಟೆ. ಕೆಲಸ ಆಯಿತು, ಆದರೆ ಅದು ಸುಮ್ನೆ ಕೂತಾಗಲೂ ಅರುವತ್ತು ವ್ಯಾಟ್ ತಿನ್ನುತ್ತದೆ. ತಿಂಗಳಿಗೆ ನಲುವತ್ತಮೂರು ಯೂನಿಟ್. ಯೂನಿಟ್‌ಗೆ ಏಳು ರೂಪಾಯಿ ಅಂತ ಹಿಡಿದರೂ ಮುನ್ನೂರು ರೂಪಾಯಿ. ಎರಡು ವರ್ಷಕ್ಕೆ ಪೆಟ್ಟಿಗೆಗಿಂತ ಕರೆಂಟೇ ಜಾಸ್ತಿ. ಆಮೇಲೆ ಬ್ಯಾಂಕು, ಆಫೀಸುಗಳಿಂದ ಹೊರಬಂದ ಥಿನ್ ಕ್ಲೈಂಟ್ ಎಂಬ ಸಣ್ಣ ಕಂಪ್ಯೂಟರುಗಳಿಗೆ ಹೋದೆ. ಎಎಂಡಿ ಪ್ರೊಸೆಸರ್, ನಾಲ್ಕು ಜಿಬಿ ರ‍್ಯಾಮ್, 16 ಜಿಬಿ ಎಸ್‌ಎಸ್‌ಡಿ, ಎರಡು ಸಾವಿರದ ಎಂಟುನೂರರ ಆಸುಪಾಸು. ಹನ್ನೆರಡು ವ್ಯಾಟ್ ಸಾಕು, ತಿಂಗಳಿಗೆ ಅರುವತ್ತು ರೂಪಾಯಿ. ಫ್ಯಾನ್ ಇಲ್ಲ, ಧೂಳು ಒಳಗೆ ಹೋಗುವುದಿಲ್ಲ.

ಥಿನ್ ಕ್ಲೈಂಟ್‌ನ ತಲೆನೋವು ಒಂದೇ ಲ್ಯಾನ್ ಪೋರ್ಟ್. ಎರಡನೆಯದಕ್ಕೆ ಯುಎಸ್‌ಬಿ ಅಡಾಪ್ಟರ್ ಹಾಕಬೇಕು. ರಿಯಲ್‌ಟೆಕ್ 8153 ಚಿಪ್ಪಿನದ್ದು ಯುಆರ್‌ಇ ಡ್ರೈವರ್‌ನಲ್ಲಿ ಚೆನ್ನಾಗಿ ನಡೆಯುತ್ತದೆ, ಆರೇಳುನೂರು ರೂಪಾಯಿ. ಅದಕ್ಕಿಂತ ಅಗ್ಗದ್ದೊಂದು ತಂದಿದ್ದೆ, ಹೆಸರು ಬೇಡ, ಸಂಜೆ ಜನ ಜಾಸ್ತಿ ಆದಾಗ ನಿಂತುಬಿಡುತ್ತಿತ್ತು. ಇನ್ನೊಂದು, ಇವು ಹೆಚ್ಚಾಗಿ 19 ವೋಲ್ಟಿನವು, ರೌಟರ್‌ಗೆ ಇಡುವ 12 ವೋಲ್ಟಿನ ಸಣ್ಣ ಯುಪಿಎಸ್ ಆಗುವುದಿಲ್ಲ. ಮೇ ತಿಂಗಳ ಗುಡುಗಿಗೆ ಮಾತ್ರ ಯಾವ ಯುಪಿಎಸ್ಸೂ ಸಾಲದು. ಸಿಡಿಲಿಗೆ ಎಷ್ಟೋ ಮೋಡೆಮ್, ಲ್ಯಾನ್ ಕಾರ್ಡ್ ಸುಟ್ಟಿವೆ. ಯುಎಸ್‌ಬಿ ಅಡಾಪ್ಟರ್‌ನ ಲಾಭ ಆಗ ಗೊತ್ತಾಗುತ್ತದೆ. ಒಂದು ಕಡೆ ಅದೊಂದೇ ಹೋಯಿತು, ಪೆಟ್ಟಿಗೆ ಉಳಿಯಿತು.

ಇನ್ನು ಸೆಟ್ ಆರಿಸುವುದು. ಗೇಮ್ ಬೇಡ, ಎಕ್ಸ್‌ಸರ್ವ್, ಎಕ್ಸ್‌ಫಾಂಟ್, ಎಕ್ಸ್‌ಶೇರ್ ಬೇಡ. ಕಾಂಪ್ ಕೂಡ ರೌಟರ್‌ಗೆ ಬೇಡ ಅಂತ ನಾನು ಬಿಡುತ್ತೇನೆ, ಕೆಲವರು ಒಪ್ಪುವುದಿಲ್ಲ. ಎಕ್ಸ್‌ಬೇಸ್ ಮಾತ್ರ ಇಡುತ್ತೇನೆ. ಗ್ರಾಫ್ ಬಿಡಿಸುವಂಥ ಪ್ಯಾಕೇಜ್‌ಗಳು ಅದರ ಲೈಬ್ರರಿ ಕೇಳುತ್ತವೆ. ಪಾರ್ಟಿಶನ್ ತಾನಾಗಿ ಮಾಡಲು ಬಿಟ್ಟರೆ 16 ಜಿಬಿ ಡಿಸ್ಕ್‌ನಲ್ಲಿ ಎಲ್ಲವೂ ಚೂರು ಚೂರು ಆಗುತ್ತದೆ. ನಾನು ಕೈಯಲ್ಲೇ ಮಾಡುತ್ತೇನೆ, ಯುಎಸ್‌ಆರ್ ಪಾರ್ಟಿಶನ್‌ಗೆ ಧಾರಾಳ ಜಾಗ ಕೊಡುತ್ತೇನೆ. ಪ್ರತಿ ಬೂಟ್‌ಗೂ ಕರ್ನಲ್ ಹೊಸದಾಗಿ ಲಿಂಕ್ ಆಗುವ ಸಾಮಾನೆಲ್ಲ ಅಲ್ಲೇ ಕೂರುತ್ತದೆ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಇನ್‌ಸ್ಟಾಲ್ ಮುಗಿಸಿ ಲಾಗಿನ್ ಆಗುವವರೆಗೆ ಥಿನ್ ಕ್ಲೈಂಟ್‌ನಲ್ಲಿ ಎಲ್ಲ ಸೇರಿ ಹತ್ತು ಹನ್ನೆರಡು ನಿಮಿಷ. ಇನ್‌ಸ್ಟಾಲರ್‌ನ ಪ್ರಶ್ನೆಗಳಿಗೆ ಈಗ ಕಣ್ಣು ಮುಚ್ಚಿ ಉತ್ತರ ಕೊಡುತ್ತೇನೆ.

ನಿಜವಾದ ಲಾಭ ಬಂದದ್ದು ಸೈಟ್76 ಸೆಟ್‌ನಿಂದ. ನಮ್ಮದೇ ಫೈಲುಗಳನ್ನು ಟಾರ್ ಮಾಡಿ (ಒಂದೇ ಫೈಲಾಗಿ ಕಟ್ಟಿ) ಆ ಹೆಸರಿನಲ್ಲಿ ಫೋಲ್ಡರಿಗೆ ಹಾಕಿದರೆ ಇನ್‌ಸ್ಟಾಲರ್ ಅದನ್ನೂ ಸೆಟ್ ಅಂತಲೇ ತೆಗೆದುಕೊಳ್ಳುತ್ತದೆ, ಕೊನೆಗೆ ಬಿಚ್ಚುತ್ತದೆ, ಹಾಗಾಗಿ ಬೇಸ್‌ನ ಫೈಲಿನ ಮೇಲೆ ನಮ್ಮದು ಕೂರುತ್ತದೆ. ಒಳಗೆ ಇನ್‌ಸ್ಟಾಲ್.ಸೈಟ್ ಅಂತ ಒಂದು ಸ್ಕ್ರಿಪ್ಟ್ ಇಟ್ಟರೆ ಅದು ಕೊನೆಗೆ ಓಡುತ್ತದೆ. ನಮ್ಮ ಸೆಟ್‌ಗೆ ಅವರ ಸಹಿ ಇರುವುದಿಲ್ಲ, "ಪರಿಶೀಲನೆ ಆಗದ ಸೆಟ್" ಅಂತ ಕೇಳುತ್ತದೆ. ಅಲ್ಲಿ ಸೈಟ್76 ಹೆಸರು ಒಂದೇ ಇದೆಯಾ ಅಂತ ನೋಡಿಯೇ ಯೆಸ್ ಅನ್ನಿ. ನನ್ನ ಸೈಟ್ ಸೆಟ್‌ನಲ್ಲಿ ಪಿಎಫ್ ನಿಯಮ, ಡಿಎಚ್‌ಸಿಪಿ, ಅನ್‌ಬೌಂಡ್, ಪಿಪಿಪಿಒಇ (ಇಂಟರ್ನೆಟ್ ಲೈನಿಗೆ ಲಾಗಿನ್ ಆಗುವ ವಿಧಾನ) ಎಲ್ಲ ಸಿದ್ಧವಾಗಿದೆ. ಯೂಸರ್‌ನೇಮ್, ಪಾಸ್‌ವರ್ಡ್ ಬದಲಿಸಿದರೆ ಮುಗಿಯಿತು. ಫೈಬರ್ ಲೈನಿನಲ್ಲಿ ಪಿಪಿಪಿಒಇ ಇದ್ದರೆ ಪಿಎಫ್‌ನಲ್ಲಿ ಮ್ಯಾಕ್ಸ್-ಎಂಎಸ್‌ಎಸ್ (ಪ್ಯಾಕೆಟ್ ಗಾತ್ರದ ಮಿತಿ) 1440 ಅಂತ ಹಾಕಿ, ಇಲ್ಲವಾದರೆ ಕೆಲವು ಪುಟ ಬರುತ್ತದೆ, ಕೆಲವು ಸುತ್ತುತ್ತಲೇ ಇರುತ್ತದೆ, ಜನ ಬೈಯುವುದು ನಿಮ್ಮನ್ನು. ಕರೆಂಟು ಹೋಗಿ ಬಂದಾಗ ಎಫ್‌ಎಸ್‌ಸಿಕೆ (ಡಿಸ್ಕ್ ಪರೀಕ್ಷೆ) ಕೇಳುತ್ತಾ ನಿಲ್ಲದಂತೆ ಮಾಡುವ ನಾಲ್ಕು ಸಾಲು ಕೂಡ ಆ ಸ್ಕ್ರಿಪ್ಟ್‌ನಲ್ಲಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಅದೇ ನನ್ನ ಅನ್ನ. ಎಫ್‌ಎಸ್‌ಟ್ಯಾಬ್ (ಪಾರ್ಟಿಶನ್‌ಗಳ ಮೌಂಟ್ ಪಟ್ಟಿ) ಕಡೆ ಗಮನ ಕೊಟ್ಟರೆ ಗೊತ್ತಾಗುತ್ತದೆ, ಇಷ್ಟು ಸಾಕು.

ಫರ್ಮ್‌ವೇರ್ ಮತ್ತೊಂದು ಗಂಟು. ಕೆಲವು ವೈಫೈ, ಗ್ರಾಫಿಕ್ಸ್ ಚಿಪ್ಪುಗಳ ಫರ್ಮ್‌ವೇರ್ (ಚಿಪ್ಪಿನೊಳಗೆ ಓಡುವ ತಂತ್ರಾಂಶ) ಸೆಟ್‌ನಲ್ಲಿ ಬರುವುದಿಲ್ಲ. ಅದನ್ನು ತರಲು ನೆಟ್ ಬೇಕು, ನೆಟ್‌ಗೆ ವೈಫೈ ಬೇಕು. ಫರ್ಮ್‌ವೇರ್ ಫೈಲುಗಳನ್ನೂ ಮೊದಲೇ ಇಳಿಸಿ ಅದೇ ಪೆನ್‌ಡ್ರೈವ್‌ನಲ್ಲಿಡಿ, ಎಫ್‌ಡಬ್ಲ್ಯು_ಅಪ್‌ಡೇಟ್ ಕಮಾಂಡಿಗೆ -ಪಿ ಕೊಟ್ಟು ಆ ಫೋಲ್ಡರ್ ತೋರಿಸಿದರೆ ಆಯಿತು.

ನಡುವೆ ನೆಟ್‌ಬಿಎಸ್‌ಡಿ ಕೂಡ ಪ್ರಯೋಗ ಮಾಡಿದೆ. ಮನೆಯಲ್ಲಿ ಆಟಂ ಪ್ರೊಸೆಸರಿನ ಹಳೆಯ ನೆಟ್‌ಬುಕ್ ಇತ್ತು, 32 ಬಿಟ್, ಒಂದು ಜಿಬಿ ರ‍್ಯಾಮ್. ಓಪನ್‌ಬಿಎಸ್‌ಡಿ ಹಾಕಿದರೆ ಪ್ರತಿ ಬೂಟ್‌ಗೂ ಕರ್ನಲ್ ಲಿಂಕ್ ಆಗುತ್ತಾ ತುಂಬಾ ಹೊತ್ತು ಡಿಸ್ಕ್ ಕಿರುಗುಟ್ಟುತ್ತಿತ್ತು. ನೆಟ್‌ಬಿಎಸ್‌ಡಿ 10 ಹಾಕಿದೆ, 2024ರ ಮಾರ್ಚಿನದ್ದು. ಓಪನ್‌ಬಿಎಸ್‌ಡಿ 1995ರಲ್ಲಿ ಇದರಿಂದಲೇ ಕವಲೊಡೆದದ್ದು, ಹಾಗಾಗಿ ಸೆಟ್‌ಗಳ ರೀತಿ ಪರಿಚಿತ. ಬೇಸ್, ಇಟಿಸಿ, ಕರ್ನ್-ಜೆನೆರಿಕ್, ಮಾಡ್ಯೂಲ್ಸ್, ಇಷ್ಟಿದ್ದರೆ ಎದ್ದು ನಿಲ್ಲುತ್ತದೆ. ಒಂದು ಸಲ ಇನ್‌ಸ್ಟಾಲರ್ ಬಿಟ್ಟು ಟಾರ್‌ನಿಂದಲೇ ಕೈಯಲ್ಲಿ ಬಿಚ್ಚಿ ನೋಡಿದೆ, ನಡೆಯುತ್ತದೆ. ಟಾರ್ ಕಮಾಂಡಿಗೆ ಎಕ್ಸ್, ಝಡ್ ಆಯ್ಕೆಗಳ ಜೊತೆ ಪಿ ಮರೆಯಬಾರದು, ಪರ್ಮಿಶನ್ ಉಳಿಯುವುದು ಅದರಿಂದ. ಆ ನೆಟ್‌ಬುಕ್ ಈಗಲೂ ಓಡುತ್ತಿದೆ.

ಡಿಟಿಪಿ ಅಂಗಡಿಯವರು ಎಕ್ಸ್ ಬೇಕು ಅಂದದ್ದಕ್ಕೆ ಅಲ್ಲಿ ಎಲ್ಲ ಸೆಟ್ ಹಾಕಿದೆ. ಎಕ್ಸ್‌ಫಾಂಟ್ ಸೆಟ್‌ನಿಂದ ಕನ್ನಡದ ಕೆಲಸ ಆಗಲಿಲ್ಲ. ನೋಟೋ ಫಾಂಟ್ ಪ್ಯಾಕೇಜ್ ಪೆನ್‌ಡ್ರೈವ್‌ನಿಂದಲೇ ಹಾಕಿದ ಮೇಲೆ ಫೈರ್‌ಫಾಕ್ಸ್‌ನಲ್ಲಿ ಒತ್ತಕ್ಷರ ಸಮೇತ ಕನ್ನಡ ಚೆನ್ನಾಗಿ ಬಂತು. ಎಕ್ಸ್‌ಟರ್ಮ್‌ನಲ್ಲಿ "ಸ್ತ್ರೀ" ಬರೆದರೆ ಮೂರು ತುಂಡಾಗಿ ನಿಲ್ಲುತ್ತದೆ. ಅದಕ್ಕೆ ಇನ್ನೂ ದಾರಿ ಹುಡುಕುತ್ತಿದ್ದೇನೆ.

ಅಪ್‌ಗ್ರೇಡ್ ಬಗ್ಗೆ ಒಂದು ಮಾತು. ಆರು ತಿಂಗಳಿಗೊಂದು ಆವೃತ್ತಿ ಬರುತ್ತದೆ, ಕೊನೆಯ ಎರಡಕ್ಕೆ ಮಾತ್ರ ಪ್ಯಾಚ್. ಅಂದರೆ ವರ್ಷಕ್ಕೆ ಒಂದು ಸಲವಾದರೂ ಹೋಗಲೇಬೇಕು. ಅದಕ್ಕಿರುವ ಸಿಸ್‌ಅಪ್‌ಗ್ರೇಡ್ ಕಮಾಂಡ್ ಸುಲಭ, ಆದರೆ ಅದು ನಾವು ಬಿಟ್ಟ ಸೆಟ್‌ಗಳನ್ನೂ ಇಳಿಸಿ ಹಾಕುತ್ತದೆ, ಸಣ್ಣ ಡಿಸ್ಕ್ ತುಂಬುತ್ತದೆ. ನಾನು ಹೊಸ ಬಿಎಸ್‌ಡಿ.ಆರ್‌ಡಿ (ಇನ್‌ಸ್ಟಾಲರ್ ಇರುವ ಕರ್ನಲ್) ಫೈಲನ್ನು ರೂಟ್‌ಗೆ ಕಾಪಿ ಮಾಡಿ, ಬೂಟ್ ಪ್ರಾಂಪ್ಟ್‌ನಲ್ಲಿ ಅದರ ಹೆಸರು ಕೊಟ್ಟು, ಅದೇ ಪೆನ್‌ಡ್ರೈವ್‌ನಿಂದ ಬೇಕಾದ ಸೆಟ್ ಮಾತ್ರ ಹಾಕುತ್ತೇನೆ. ಎರಡು ಆವೃತ್ತಿ ಹಾರಿ ನೇರ ಹೋಗುವುದು ಬೇಡ, ಒಂದೊಂದೇ ಮೆಟ್ಟಿಲು. ಒಂದು ಜಾಗಕ್ಕೆ ಐನೂರು ರೂಪಾಯಿ ತೆಗೆದುಕೊಳ್ಳುತ್ತೇನೆ, ಪೆಟ್ರೋಲ್ ಸೇರಿ. ಈ ಮಳೆಗಾಲ ಮುಗಿದ ಮೇಲೆ ಪಿಎಕ್ಸ್‌ಇ ಬೂಟ್ (ಲ್ಯಾನ್ ಮೂಲಕ ಬೂಟ್) ಮಾಡಿ, ಸೆಟ್‌ಗಳನ್ನು ಲ್ಯಾಪ್‌ಟಾಪ್‌ನಿಂದಲೇ ಹಂಚುವುದು ಅಂತ ಇದೆ. ಯುಎಸ್‌ಬಿ ಬೂಟ್ ಆಗದ ನಾಲ್ಕೈದು ಹಳೆಯ ಯಂತ್ರಗಳು ಅಂಗಡಿಯಲ್ಲಿ ಅದಕ್ಕೇ ಬಿದ್ದಿವೆ.